ರೇಸಿಮಿಕ್ ಮೊದಲು, ಹೆಮ್ಮೆ ಆಮೇಲೆ

ಅಸಮಮಿತ ವೇಗವರ್ಧನೆ, ಅಂದರೆ ಒಂದು ಅಣುವಿನ ಎರಡು ಕನ್ನಡಿ ಬಿಂಬ ರೂಪಗಳಲ್ಲಿ ಒಂದನ್ನೇ ಹೆಚ್ಚು ಹುಟ್ಟಿಸುವ ವಿದ್ಯೆ, ಕಲಿಯಬೇಕೆಂದು ನನ್ನ ಪ್ರಯೋಗಾಲಯಕ್ಕೆ ಬರುವವರಿಗೆ ಮೊದಲ ವಾರ ನಾನು ಕೊಡುವ ಕೆಲಸ ಒಂದೇ: ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ವೇಗವರ್ಧಕವಾಗಿ ಹಾಕಿ ಅಸಿಟೋನ್ ಮತ್ತು 4-ನೈಟ್ರೋಬೆಂಜಾಲ್ಡಿಹೈಡ್‌ಗಳ ನಡುವೆ ಆಲ್ಡಾಲ್ ಕ್ರಿಯೆ, ಅಂದರೆ ಎರಡನ್ನೂ ಕಾರ್ಬನ್-ಕಾರ್ಬನ್ ಬಂಧದಿಂದ ಜೋಡಿಸುವ ಕ್ರಿಯೆ, ಮಾಡಿಸುವುದು. ದುಬಾರಿ ಲೋಹ ಬೇಡ, ಗಾಳಿ ಸೋಕದ ಗ್ಲವ್‌ಬಾಕ್ಸ್ ಬೇಡ. ಬೆಂಜಮಿನ್ ಲಿಸ್ಟ್, ರಿಚರ್ಡ್ ಲರ್ನರ್ ಮತ್ತು ಕಾರ್ಲೋಸ್ ಬಾರ್ಬಸ್ 2000ದಲ್ಲಿ ಪ್ರಕಟಿಸಿದ ಕ್ರಿಯೆ ಇದು. ಲಿಸ್ಟ್ ಅವರಿಗೆ 2021ರಲ್ಲಿ ಡೇವಿಡ್ ಮ್ಯಾಕ್‌ಮಿಲನ್ ಜೊತೆ ನೊಬೆಲ್ ಬರಲು ಕಾರಣವಾದ ಕೆಲಸದಲ್ಲಿ ಇದೂ ಸೇರಿದೆ. ಅವರಿಗೆ ಸಿಕ್ಕಿದ್ದು ಶೇ 68 ಇಳುವರಿ, ಶೇ 76 ಇಇ. ಹೊಸಬರು 76ರ ಆಸುಪಾಸು ತಂದರೆ ನನಗೆ ಸಂತೋಷ. 99 ಎಂದು ಬರೆದುಕೊಂಡು ಬಂದರೆ ಅನುಮಾನ.

ಇಇ, ಅಂದರೆ ಎನ್ಯಾನ್ಶಿಯೋಮೆರಿಕ್ ಎಕ್ಸೆಸ್, ಎಡಗೈ ಮತ್ತು ಬಲಗೈ ಅಣುಗಳ ಶೇಕಡಾವಾರು ಪ್ರಮಾಣಗಳ ವ್ಯತ್ಯಾಸ. 76 ಎಂದರೆ 88 ಮತ್ತು 12. ಕೊಠಡಿಯ ಉಷ್ಣತೆಯಲ್ಲಿ ಇಷ್ಟು ಅಂತರ ಬರಲು ಎರಡು ರೂಪಗಳಿಗೆ ಕರೆದೊಯ್ಯುವ ಸಂಕ್ರಮಣ ಸ್ಥಿತಿಗಳ, ಅಂದರೆ ಕ್ರಿಯೆ ದಾಟಬೇಕಾದ ಶಕ್ತಿಯ ದಿಬ್ಬಗಳ, ನಡುವೆ ಮೋಲ್‌ಗೆ ಸುಮಾರು 1.2 ಕಿಲೋಕ್ಯಾಲರಿ ವ್ಯತ್ಯಾಸವಿದ್ದರೆ ಸಾಕು. ನೀರಿನ ಅಣುಗಳನ್ನು ಹಿಡಿದಿಡುವ ಒಂದು ಹೈಡ್ರೋಜನ್ ಬಂಧದ ಸುಮಾರು ಕಾಲುಭಾಗ ಅದು. ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯಲು ಹೊರಟವರು ಅಳತೆಯಲ್ಲೇ ಅಸಡ್ಡೆ ತೋರಿದರೆ ಉಳಿದ ಶ್ರಮವೆಲ್ಲ ನೀರುಪಾಲು.

ಆದ್ದರಿಂದ ಮೊದಲು ಮಾಡಬೇಕಾದದ್ದು ರೇಸಿಮಿಕ್ ಮಾದರಿ, ಅಂದರೆ ಎರಡೂ ರೂಪಗಳು ಸಮಸಮವಾಗಿರುವ ಮಾದರಿ. ಒಂದೇ ಕೈಯ ಎಲ್-ಪ್ರೋಲಿನ್ ಡಬ್ಬಿಯನ್ನು ಪಕ್ಕಕ್ಕಿಟ್ಟು, ಎರಡೂ ಕೈಗಳು ಸಮವಾಗಿ ಬೆರೆತ ಡಿಎಲ್-ಪ್ರೋಲಿನ್ ತೆಗೆದುಕೊಳ್ಳಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ.

ಪಿಎಚ್‌ಡಿಯ ಎರಡನೆಯ ವರ್ಷ ನಾನೇ ಮಾಡಿದ ಹೊಸ ವೇಗವರ್ಧಕವನ್ನು ಪರೀಕ್ಷಿಸುತ್ತಿದ್ದೆ. ಎಚ್‌ಪಿಎಲ್‌ಸಿಯಲ್ಲಿ, ಅಂದರೆ ಮಿಶ್ರಣವನ್ನು ಕಾಲಂ ಎಂಬ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸಿ ಪ್ರತಿಯೊಂದನ್ನೂ ಒಂದು ಶಿಖರವಾಗಿ ತೋರಿಸುವ ಯಂತ್ರದಲ್ಲಿ, ಒಂದೇ ಒಂದು ಶಿಖರ ಬಂತು, ಸೂಜಿಯಂತೆ ನೆಟ್ಟಗೆ. ಒಂದೇ ಶಿಖರವೆಂದರೆ ಒಂದೇ ಎನ್ಯಾನ್ಶಿಯೋಮರ್ (ಒಂದೇ ಕೈಯ ರೂಪ), ಅಂದರೆ ಶೇ 99ಕ್ಕೂ ಹೆಚ್ಚು! ಪ್ರಿಂಟ್ ತೆಗೆದುಕೊಂಡು ಮಾರ್ಗದರ್ಶಕಿಯ ಕೋಣೆಗೆ ಓಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದರ ರೇಸಿಮಿಕ್ ಎಲ್ಲಿ?"

"ಇನ್ನೂ ಮಾಡಿಲ್ಲ ಮೇಡಂ."

"ಹಾಗಾದರೆ ಇದೂ ಇನ್ನೂ ಆಗಿಲ್ಲ."

ಮರುದಿನ ರೇಸಿಮಿಕ್ ಮಾಡಿ ಹಾಕಿದೆ. ಅದಕ್ಕೂ ಒಂದೇ ಶಿಖರ, ಅಷ್ಟೇ ನೆಟ್ಟಗೆ. ಆ ಕಾಲಂ ನನ್ನ ಅಣುವಿನ ಎರಡು ರೂಪಗಳನ್ನು ಬೇರ್ಪಡಿಸುತ್ತಲೇ ಇರಲಿಲ್ಲ. ಬೇರೆ ಕಾಲಂ ಹಾಕಿ ನೋಡಿದಾಗ ನನ್ನ ನಿಜವಾದ ಇಇ 31. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಅದನ್ನು ಪಕ್ಕದ ಪ್ರಯೋಗಾಲಯದವರಿಗೂ ತೋರಿಸಿ ಬಂದಿದ್ದೆ.

ಈಗ ಕ್ರಿಯೆಗೆ ಬನ್ನಿ. ಒಣ ಫ್ಲಾಸ್ಕಿಗೆ 8 ಮಿಲಿಲೀಟರ್ ಡಿಎಂಎಸ್‌ಒ ಎಂಬ ದ್ರಾವಕ, 2 ಮಿಲಿಲೀಟರ್ ಅಸಿಟೋನ್. ಅದಕ್ಕೆ 151 ಮಿಲಿಗ್ರಾಂ ಆಲ್ಡಿಹೈಡ್, ಅಂದರೆ ಒಂದು ಮಿಲಿಮೋಲ್. ಆಮೇಲೆ 34.5 ಮಿಲಿಗ್ರಾಂ ಪ್ರೋಲಿನ್, ಅಂದರೆ 30 ಮೋಲ್ ಶೇಕಡಾ: ಆಲ್ಡಿಹೈಡ್‌ನ ನೂರು ಅಣುಗಳಿಗೆ ಪ್ರೋಲಿನ್‌ನ ಮೂವತ್ತು. ಪ್ರೋಲಿನ್ ಗಾಳಿಯ ತೇವ ಹೀರುತ್ತದೆ. ತಕ್ಕಡಿಯ ಮುಂದೆ ಡಬ್ಬಿ ತೆರೆದಿಟ್ಟು ಮಾತಿಗೆ ನಿಲ್ಲಬೇಡಿ. ಡಿಎಂಎಸ್‌ಒ ಚರ್ಮದ ಮೂಲಕ ಒಳಗಿಳಿಯುತ್ತದೆ, ಇಳಿಯುವಾಗ ತನ್ನಲ್ಲಿ ಕರಗಿರುವುದನ್ನೂ ಜೊತೆಗೆ ಕರೆದೊಯ್ಯಬಲ್ಲದು, ಹಾಗಾಗಿ ಕೈಗವಸು ಕಡ್ಡಾಯ. ಪುಡಿ ಸ್ವಲ್ಪ ತಳದಲ್ಲಿ ಉಳಿದರೆ ಗಾಬರಿಯಾಗಬೇಕಿಲ್ಲ, ಕಲಕುತ್ತಲೇ ಇರಲಿ. ಬಿಸಿ ಮಾಡುವ ಆತುರ ಮಾತ್ರ ಬೇಡ.

ಫ್ಲಾಸ್ಕಿನೊಳಗೆ ಆಗುವುದಿಷ್ಟು. ಪ್ರೋಲಿನ್‌ನ ಅಮೈನ್ ತುದಿ ಅಸಿಟೋನ್ ಜೊತೆ ಸೇರಿ ಇನಮೈನ್ ಎಂಬ ಮಧ್ಯಂತರ ಅಣು ಆಗುತ್ತದೆ. ಅದೇ ಅಣುವಿನ ಆಮ್ಲದ ತುದಿ ಆಲ್ಡಿಹೈಡ್‌ನ ಆಕ್ಸಿಜನ್ನನ್ನು ಹೈಡ್ರೋಜನ್ ಬಂಧದಿಂದ ಹಿಡಿದು, ಅದರ ಒಂದೇ ಮುಖ ಇನಮೈನ್ ಕಡೆ ತಿರುಗುವಂತೆ ಮಾಡುತ್ತದೆ. ಒಂದು ಕೈ ಹಿಡಿದುಕೊಳ್ಳುತ್ತದೆ, ಇನ್ನೊಂದು ಕೈ ಹೊಲಿಯುತ್ತದೆ. ಎಲ್-ಪ್ರೋಲಿನ್ ಹಾಕಿದರೆ ಎರಡರಲ್ಲಿ ಆರ್ ಎಂದು ಹೆಸರಿಸಿದ ರೂಪ ಹೆಚ್ಚು ಸಿಗುತ್ತದೆ.

ಕೆಲವು ಗಂಟೆಗಳ ನಂತರ ಕ್ರಿಯೆ ಎಷ್ಟು ಮುಗಿದಿದೆ ಎಂದು ಸಿಲಿಕಾ ಲೇಪಿಸಿದ ತಟ್ಟೆಯ ಮೇಲೆ, ಅಂದರೆ ಟಿಎಲ್‌ಸಿಯಲ್ಲಿ, ನೋಡಿ. ನೈಟ್ರೋ ಗುಂಪಿನಿಂದಾಗಿ ಯುವಿ ದೀಪದಡಿ ಎಲ್ಲವೂ ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಆಲ್ಡಿಹೈಡ್ ಮೇಲೆ, ಕ್ರಿಯೆಯಲ್ಲಿ ಹುಟ್ಟಿದ ನಿಮ್ಮ ಆಲ್ಡಾಲ್ ಕೆಳಗೆ. ಆಲ್ಡಿಹೈಡ್ ಚುಕ್ಕೆ ಮಾಸಿದ ಮೇಲೆ ಸಂತೃಪ್ತ ಅಮೋನಿಯಂ ಕ್ಲೋರೈಡ್ ದ್ರಾವಣ ಸುರಿದು ಈಥೈಲ್ ಅಸಿಟೇಟ್‌ನಿಂದ ಹೊರತೆಗೆಯಿರಿ. ಡಿಎಂಎಸ್‌ಒ ಹೋಗಲು ನೀರಿನಿಂದ ಎರಡು ಮೂರು ಸಲ ತೊಳೆಯಿರಿ. ಪ್ರತ್ಯಾಮ್ಲ ಹಾಕಿ ತೊಳೆಯುವ ಅಭ್ಯಾಸವಿದ್ದರೆ ಇಲ್ಲಿ ಬಿಡಿ; ಆಲ್ಡಾಲ್ ಹಿಂದಕ್ಕೆ ಒಡೆಯುತ್ತದೆ, ಇಲ್ಲವೇ ನೀರು ಕಳೆದುಕೊಂಡು ಇನೋನ್ ಎಂಬ ಬೇರೊಂದು ಅಣು ಆಗುತ್ತದೆ. ಅಣುವಿನ ಹೈಡ್ರೋಜನ್‌ಗಳನ್ನು ಗುರುತಿಸುವ ಪ್ರೋಟಾನ್ ಎನ್‌ಎಂಆರ್‌ನಲ್ಲಿ 5.2 ಪಿಪಿಎಂ ಹತ್ತಿರ ಆಲ್ಡಾಲ್‌ನ ಕಾರ್ಬಿನಾಲ್ ಪ್ರೋಟಾನ್ (ಓಎಚ್ ಇರುವ ಕಾರ್ಬನ್ನಿನ ಹೈಡ್ರೋಜನ್) ಕಾಣಬೇಕು, 10.1ರ ಹತ್ತಿರ ಆಲ್ಡಿಹೈಡ್ ಉಳಿದಿರಬಾರದು. 16 ಹರ್ಟ್ಸ್ ಅಂತರದ ಜೋಡಿಗೆರೆಗಳು ಕಂಡರೆ ಇನೋನ್ ಬಂದಿದೆ ಎಂದೇ ಲೆಕ್ಕ.

ಇಲ್ಲಿ ಒಂದು ಹನಿ ಕಚ್ಚಾ ಮಾದರಿಯನ್ನು ಸೀಸೆಯಲ್ಲಿ ಎತ್ತಿಡಿ, ಶುದ್ಧಿ ಮಾಡುವ ಸಿಲಿಕಾ ಕಾಲಂಗೆ ಹಾಕುವ ಮುನ್ನವೇ. ಹರಳುಗಟ್ಟಿಸಿದರೆ ಇಇ ಏರಬಹುದು, ಅದು ಹರಳಿನ ಸಾಧನೆ, ನಿಮ್ಮ ವೇಗವರ್ಧಕದ್ದಲ್ಲ. ಸಾಮಾನ್ಯ ಸಿಲಿಕಾ ಕಾಲಂ ಕೂಡ ಪೂರ್ತಿ ಮುಗ್ಧವಲ್ಲ. ಇಇ ಮೊದಲೇ ಒಂದಷ್ಟಿರುವ ಮಾದರಿಯನ್ನು ಅದರ ಮೇಲೆ ಹಾಯಿಸಿದಾಗ ಮುಂದೆ ಬಂದ ನಳಿಕೆಗಳಿಗೂ ಹಿಂದೆ ಬಂದವಕ್ಕೂ ಬೇರೆ ಬೇರೆ ಇಇ ಸಿಗುವುದುಂಟು. ಚೆನ್ನಾಗಿ ಕಂಡ ನಡುವಿನ ನಳಿಕೆಯನ್ನು ಮಾತ್ರ ಅಳೆದವರು ತಮಗೆ ಗೊತ್ತಿಲ್ಲದೆಯೇ ಸುಳ್ಳು ಬರೆಯುತ್ತಾರೆ. ಎಲ್ಲ ನಳಿಕೆಗಳನ್ನೂ ಒಟ್ಟುಗೂಡಿಸಿಯೇ ಅಳೆಯಿರಿ.

ಎಚ್‌ಪಿಎಲ್‌ಸಿಗೆ ಸೆಲ್ಯುಲೋಸ್ ಅಥವಾ ಅಮೈಲೋಸ್ ಕಾರ್ಬಮೇಟ್ ಲೇಪಿಸಿದ ಕೈರಲ್ ಕಾಲಂ (ಎರಡು ಕೈಗಳ ರೂಪಗಳನ್ನು ಬೇರ್ಪಡಿಸುವಂಥದ್ದು), ಹೆಕ್ಸೇನ್ ಮತ್ತು ಐಸೊಪ್ರೊಪನಾಲ್ ಮಿಶ್ರಣ, ಡಿಟೆಕ್ಟರ್ 254 ನ್ಯಾನೋಮೀಟರ್. ಮಾದರಿಯನ್ನು ಅದೇ ಮಿಶ್ರಣದಲ್ಲಿ ಕರಗಿಸಿ, ಸೋಸಿ ಹಾಕಿ. ಈಥೈಲ್ ಅಸಿಟೇಟ್, ಡೈಕ್ಲೋರೋಮೀಥೇನ್, ಡಿಎಂಎಸ್‌ಒ ಈ ಬಗೆಯ ಲೇಪನವನ್ನು ಕರಗಿಸಿ ಹಾಳು ಮಾಡುತ್ತವೆ. ಈಥೈಲ್ ಅಸಿಟೇಟ್ ಪೂರ್ತಿ ಆರದ ಸೀಸೆಯನ್ನು ತಂದವರನ್ನು ನಾನು ಯಂತ್ರದ ಹತ್ತಿರವೂ ಬಿಡುವುದಿಲ್ಲ.

ಮೊದಲು ರೇಸಿಮಿಕ್. ಎರಡು ಶಿಖರಗಳು, ವಿಸ್ತೀರ್ಣ 50ಕ್ಕೆ 50. ನಡುವಿನ ಕಣಿವೆ ತಳಮಟ್ಟಕ್ಕೆ ಮುಟ್ಟಬೇಕು. ಮುಟ್ಟದಿದ್ದರೆ ಐಸೊಪ್ರೊಪನಾಲ್ ಕಡಿಮೆ ಮಾಡಿ ನೋಡಿ. 54ಕ್ಕೆ 46 ಬಂದರೆ ದೊಡ್ಡ ಶಿಖರದ ಅಡಿಯಲ್ಲಿ ಬೇರೇನೋ ಕೂತಿದೆ ಎಂದು ಅನುಮಾನಿಸಿ. ಇನೋನ್ ಹೀಗೆ ಅಡಗುವುದನ್ನು ನೋಡಿದ್ದೇನೆ. ಆಮೇಲೆ ಎಲ್-ಪ್ರೋಲಿನ್ ಮಾದರಿ, ಅದೇ ದಿನ, ಅದೇ ಹರಿವಿನಲ್ಲಿ.

ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ನಾನು ಇನ್ನೊಂದು ಫ್ಲಾಸ್ಕ್ ಇಡಿಸುತ್ತೇನೆ, ಡಿ-ಪ್ರೋಲಿನ್ ಹಾಕಿ. ಡಿ-ಪ್ರೋಲಿನ್ ಎಲ್‌ನ ಕನ್ನಡಿ ಬಿಂಬವಾದ್ದರಿಂದ ಫಲಿತಾಂಶವೂ ಕನ್ನಡಿಯಲ್ಲಿ ಕಂಡಂತೆ ತಿರುಗಬೇಕು: ಹಿಂದೆ 88 ಇದ್ದ ಕಡೆ 12, 12 ಇದ್ದ ಕಡೆ 88. ಸಣ್ಣ ಶಿಖರ ಜಾಗ ಬದಲಿಸದೆ ಅಲ್ಲೇ ಕೂತಿದ್ದರೆ ಅದು ಕಶ್ಮಲ, ನಿಮ್ಮ ಅಣುವಲ್ಲ. ಒಂದು ಮಧ್ಯಾಹ್ನದ ಹೆಚ್ಚುವರಿ ಕೆಲಸ, ಆದರೆ ಪರೀಕ್ಷಕರು ಕೇಳುವ ಅರ್ಧ ಪ್ರಶ್ನೆಗಳಿಗೆ ಮುಂಚೆಯೇ ಉತ್ತರ.

ಇಇ 76ಕ್ಕಿಂತ ತೀರಾ ಕೆಳಗೆ ಬಂದರೆ ಮೊದಲು ಪ್ರೋಲಿನ್ ಡಬ್ಬಿಯ ಚೀಟಿ ಓದಿ. ರೇಸಿಮಿಕ್ ಮಾಡಲು ತಂದ ಡಿಎಲ್ ಡಬ್ಬಿ ಎಲ್ ಡಬ್ಬಿಯ ಪಕ್ಕದಲ್ಲೇ ಇರುತ್ತದೆ, ಎರಡರೊಳಗೂ ಅದೇ ಬಿಳಿ ಪುಡಿ. ನಾನು ಡಿಎಲ್ ಡಬ್ಬಿಯ ಮುಚ್ಚಳಕ್ಕೆ ಕೆಂಪು ಟೇಪು ಸುತ್ತಿಟ್ಟಿದ್ದೇನೆ.