ಕಾಲೇಜು ಅರ್ಜಿಯ ಪ್ರಬಂಧ: ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿ

ಪುಣೆಗೆ ಬಂದು ಮನೆ, ಗ್ಯಾಸ್, ಸ್ಕೂಲು ಎಲ್ಲ ಒಂದು ದಾರಿಗೆ ಬಂದ ಮೇಲೆ ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಬರುವ ಫೋನುಗಳಲ್ಲಿ ಈಚೆಗೆ ಒಂದು ಪ್ರಶ್ನೆ ಜಾಸ್ತಿಯಾಗಿದೆ. "ಮಗಳು ಹನ್ನೆರಡನೇ ಕ್ಲಾಸು. ಹೊರದೇಶದ ಕಾಲೇಜಿಗೆ ಅರ್ಜಿ ಹಾಕ್ತಾಳಂತೆ. ಅದಕ್ಕೆ ತನ್ನ ಬಗ್ಗೆ ಏನೋ ಪ್ರಬಂಧ ಬರೀಬೇಕಂತೆ. ಬರೆದುಕೊಡೋರು ಯಾರಾದ್ರೂ ಇದ್ದಾರಾ?"

ಬರೆದುಕೊಡುವವರು ಇದ್ದಾರೆ. ಅವರ ಹತ್ತಿರ ಹೋಗಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮಗು ತಾನೇ ಬರೆಯಬಲ್ಲದು. ಮೊದಲು ಮನೆಯಲ್ಲಿ, ಮನೆಮಾತಿನಲ್ಲಿ, ನಿಮ್ಮೆದುರು ಕೂತು ಹೇಳಲಿ. ನಾಲ್ಕೈದು ವರ್ಷ ಮಕ್ಕಳ ಜೊತೆ ಭಾನುವಾರಗಳಲ್ಲಿ ಕೂತು ನಾನು ಕಲಿತದ್ದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಯಾರಿಗೆ ಬೇಕು, ಯಾರಿಗೆ ಬೇಡ

ಸುಮ್ನೆ ಗಾಬರಿಯಾಗಬೇಡಿ. ಮಹಾರಾಷ್ಟ್ರದಲ್ಲೇ ಓದುವ ಹೆಚ್ಚಿನ ಮಕ್ಕಳಿಗೆ ಈ ಪ್ರಬಂಧದ ಗೊಡವೆಯೇ ಇಲ್ಲ. ಇಲ್ಲಿ ಜೂನಿಯರ್ ಕಾಲೇಜು ಅಂದರೆ ನಮ್ಮ ಪಿಯುಸಿ. ಹನ್ನೊಂದನೇ ಕ್ಲಾಸಿಗೆ ಹತ್ತನೆಯ ಅಂಕದ ಮೇಲೆ ಆನ್‌ಲೈನ್‌ನಲ್ಲಿ ಸೀಟು ಸಿಗುತ್ತದೆ. ಇಂಜಿನಿಯರಿಂಗ್‌ಗೆ ರಾಜ್ಯದ ಸಿಇಟಿ ಅಥವಾ ಜೆಇಇ, ಡಾಕ್ಟರ್ ಓದಿಗೆ ನೀಟ್. ಅಲ್ಲೆಲ್ಲ ನಿಮ್ಮ ಮಗು ಎಂಥವಳು ಅಂತ ಯಾರೂ ಕೇಳುವುದಿಲ್ಲ.

ಕೇಳುವವರು ಮೂರು ಗುಂಪು. ಅಮೆರಿಕದ ಕಾಲೇಜುಗಳು, ಇಂಗ್ಲೆಂಡಿನ ಕಾಲೇಜುಗಳು, ಮತ್ತೆ ನಮ್ಮಲ್ಲೇ ಅಶೋಕ, ಫ್ಲೇಮ್ ಥರದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು. ಈ ಮೂರನೇ ಗುಂಪಿನಲ್ಲಿ ಅರ್ಜಿಯ ಜೊತೆ ಬರೆಯುವುದೋ, ಪರೀಕ್ಷೆಯ ದಿನ ಅಲ್ಲೇ ಕೂತು ಬರೆಯುವುದೋ ಅನ್ನುವುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಅಮೆರಿಕಕ್ಕೆ ಕಾಮನ್ ಆಪ್ ಅನ್ನುವ ಒಂದೇ ಅರ್ಜಿ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ನಡೆಯುತ್ತದೆ. ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ಏಳು ಪ್ರಶ್ನೆ ಇರುತ್ತವೆ, ಒಂದನ್ನು ಆರಿಸಿಕೊಂಡು 250ರಿಂದ 650 ಪದಗಳೊಳಗೆ ಬರೆಯಬೇಕು. ಏಳನೆಯದು ನಿಮಗಿಷ್ಟ ಬಂದ ವಿಷಯ ಅಂತಲೇ ಇರುತ್ತದೆ, ಹಾಗಾಗಿ ಪ್ರಶ್ನೆ ಹಿಡಿದುಕೊಂಡು ಕೂರಬೇಡಿ, ಮೊದಲು ಕಥೆ ಸಿಗಲಿ, ಅದು ಯಾವುದಾದರೂ ಒಂದು ಪ್ರಶ್ನೆಗೆ ಹೊಂದಿಯೇ ಹೊಂದುತ್ತದೆ. ಇದಲ್ಲದೆ ತುಂಬಾ ಕಾಲೇಜುಗಳು ತಮ್ಮದೇ ಚಿಕ್ಕ ಪ್ರಶ್ನೆಗಳನ್ನೂ ಕೇಳುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಬೇರೆಯೇ ಅರ್ಜಿ: ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ, ಒಂದೊಂದಕ್ಕೆ 350 ಪದದ ಮಿತಿ.

ಇಂಗ್ಲೆಂಡಿಗೆ ಯುಕಾಸ್, ಅಂದರೆ ಅಲ್ಲಿನ ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ. ಹಳೆಯ ಸಲಹೆ ಹಿಡಿದುಕೊಂಡು ಕೂತರೆ ಇಲ್ಲಿ ಕೆಡುತ್ತದೆ. ಮೊದಲು ಒಂದೇ ಒಂದು ಉದ್ದನೆಯ ಬರಹ ಇತ್ತು, 2026ರಲ್ಲಿ ಸೇರುವವರಿಂದ ಅದು ಮೂರು ಪ್ರಶ್ನೆಯಾಗಿದೆ. ಈ ವಿಷಯ ಯಾಕೆ ಓದಬೇಕು, ಇಲ್ಲಿಯವರೆಗಿನ ಓದು ಅದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಮೂರೂ ಸೇರಿ 4000 ಅಕ್ಷರ. ಪದ ಅಲ್ಲ, ಅಕ್ಷರ, ಪದಗಳ ನಡುವಿನ ಜಾಗವೂ ಲೆಕ್ಕಕ್ಕೆ ಬರುತ್ತದೆ. ಒಂದೊಂದು ಉತ್ತರ ಕನಿಷ್ಠ 350 ಅಕ್ಷರ ಇರಬೇಕು. ಐದು ಕಡೆ ಅರ್ಜಿ ಹಾಕಿದರೂ ಹೋಗುವುದು ಇದೊಂದೇ, ಆದ್ದರಿಂದ ಅದರಲ್ಲಿ ಯಾವುದೇ ಕಾಲೇಜಿನ ಹೆಸರು ಹಾಕಬಾರದು.

ಎರಡು ದೇಶದವರ ಕುತೂಹಲವೂ ಬೇರೆ. ಅಮೆರಿಕದವರು ಈ ಹುಡುಗ ಎಂಥವನು ಅಂತ ನೋಡುತ್ತಾರೆ. ಇಂಗ್ಲೆಂಡಿನವರಿಗೆ ಆ ವಿಷಯದ ಮೇಲೆ ನಿಜವಾದ ಆಸೆ ಇದೆಯಾ ಅನ್ನುವುದೇ ಮುಖ್ಯ. ಒಂದಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ಹಾಗೇ ಕಳಿಸಬೇಡಿ.

ಸುಟ್ಟ ಪೈಜಾಮದ ಕಥೆ

ಬರೆದುಕೊಡುವವರ ಹತ್ತಿರ ಯಾಕೆ ಹೋಗಬಾರದು ಅಂತ ಕೇಳಿದವರಿಗೆ ನಾನು ಇದನ್ನು ಹೇಳುತ್ತೇನೆ. 2007ರಲ್ಲಿ ಇಂಗ್ಲೆಂಡಿನಲ್ಲಿ ಅರ್ಜಿಗಳ ಬರಹಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದರು. 234 ಮಕ್ಕಳು ಒಂದೇ ಘಟನೆ ಬರೆದಿದ್ದರು: ಎಂಟನೇ ವಯಸ್ಸಿನಲ್ಲಿ ರಾಸಾಯನಿಕ ಪ್ರಯೋಗ ಮಾಡಲು ಹೋಗಿ ಪೈಜಾಮಕ್ಕೆ ತೂತು ಬೀಳುವಂತೆ ಸುಟ್ಟುಕೊಂಡೆ, ಅಂದಿನಿಂದ ವಿಜ್ಞಾನದ ಮೇಲೆ ಪ್ರೀತಿ. ಅಷ್ಟೂ ಜನ ಎಲ್ಲೋ ಸಿಕ್ಕ ಒಂದೇ ಮಾದರಿಯನ್ನು ನೋಡಿ ಬರೆದದ್ದು. ಆವಾಗಿನಿಂದ ಯುಕಾಸ್‌ಗೆ ಬರುವ ಪ್ರತಿ ಬರಹವನ್ನೂ ಕಂಪ್ಯೂಟರ್ ಹೋಲಿಸಿ ನೋಡುತ್ತದೆ. ಕಾಮನ್ ಆಪ್‌ನವರೂ ಎಐ ಬರೆದುಕೊಟ್ಟದ್ದನ್ನು ತನ್ನದು ಅಂತ ಕೊಡುವುದನ್ನು ಮೋಸ ಅಂತಲೇ ತಮ್ಮ ನಿಯಮದಲ್ಲಿ ಸೇರಿಸಿದ್ದಾರೆ. ಕಾಗುಣಿತ ನೋಡಿಸಿಕೊಳ್ಳುವುದು ಬೇರೆ, ಕಥೆಯನ್ನೇ ಬರೆಸುವುದು ಬೇರೆ. ಮಕ್ಕಳಿಗೆ ಈ ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಿ.

ನನ್ನ ಸ್ವಂತ ಅಣ್ಣನ ಮಗನ ವಿಷಯದಲ್ಲೇ ಆಯಿತು. ಹಣ ಕಟ್ಟಿ ಒಬ್ಬ ಸಲಹೆಗಾರರಿಂದ ಬರೆಸಿದರು. ಇಂಗ್ಲಿಷು ಬಹಳ ಚಂದ ಇತ್ತು. ಆಮೇಲೆ ಒಂದು ಕಾಲೇಜಿನವರು ವೀಡಿಯೊ ಕಾಲ್‌ನಲ್ಲಿ ಸಂದರ್ಶನ ಮಾಡಿ, ನೀನು ಬರೆದಿದ್ದೀಯಲ್ಲ, ಆ ದಿನ ಇನ್ನೇನಾಯಿತು ಅಂತ ಕೇಳಿದರು. ಹುಡುಗನಿಗೆ ಹೇಳಲು ಏನೂ ಇರಲಿಲ್ಲ. ಆ ದಿನ ಅವನ ಬದುಕಿನಲ್ಲಿ ಬಂದೇ ಇರಲಿಲ್ಲ. ಅವತ್ತು ರಾತ್ರಿ ಅವನು ಊಟ ಬಿಟ್ಟದ್ದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ.

ಊರು ಬಿಟ್ಟು ಬಂದದ್ದೇ ಕಥೆ ಅಲ್ಲ

ಹೊಸದಾಗಿ ಬಂದ ಮನೆಗಳ ಮಕ್ಕಳು ಮೊದಲು ಬರೆದು ತರುವುದು ಸಾಮಾನ್ಯವಾಗಿ ಒಂದೇ. ಅಪ್ಪನಿಗೆ ವರ್ಗವಾಯಿತು, ಗೆಳೆಯರು ದೂರವಾದರು, ಮರಾಠಿ ಬರುತ್ತಿರಲಿಲ್ಲ, ಕಷ್ಟವಾಯಿತು, ನಿಧಾನಕ್ಕೆ ಹೊಂದಿಕೊಂಡೆ, ಈಗ ನಾನು ಗಟ್ಟಿಯಾಗಿದ್ದೇನೆ. ಸುಳ್ಳಲ್ಲ, ಪಾಪ, ಎಲ್ಲವೂ ನಿಜ. ಆದರೆ ಊರು ಬದಲಿಸಿದ ಯಾವ ಮಗು ಬೇಕಾದರೂ ಇದೇ ಬರೆಯಬಹುದು. ಹುಬ್ಬಳ್ಳಿ ತೆಗೆದು ಇಂದೋರ್ ಅಂತ ಹಾಕಿದರೂ ಬರಹ ಹಾಗೇ ನಿಲ್ಲುತ್ತದೆ ಅಂದರೆ ಅದರಲ್ಲಿ ನಿಮ್ಮ ಮಗು ಇನ್ನೂ ಬಂದಿಲ್ಲ ಅಂತಲೇ ಅರ್ಥ.

ಪುಣೆಯ ವಾಕಡ್‌ನಲ್ಲಿರುವ ಒಬ್ಬ ಧಾರವಾಡದ ಹುಡುಗ ಬಂದಿದ್ದ. ಇಂಜಿನಿಯರಿಂಗ್ ಓದುವ ಆಸೆ. ಬಾಲ್ಯದಿಂದಲೇ ಯಂತ್ರಗಳ ಹುಚ್ಚು, ತಂದೆಯೇ ಸ್ಫೂರ್ತಿ ಅಂತ ಎರಡು ಪುಟ. ನಾನು ಅದನ್ನು ಪಕ್ಕಕ್ಕಿಟ್ಟು, ನಿನ್ನೆ ಸಂಜೆ ಏನು ಮಾಡಿದಿ ಅಂತ ಕೇಳಿದೆ. "ಗಿರಣಿಗೆ ಹೋಗಿದ್ದೆ ರೀ, ಜ್ವಾಳ ಬೀಸಸಾಕ." ಅಷ್ಟೇನಾ ಅಂದೆ. ಅವನು ಇಪ್ಪತ್ತು ನಿಮಿಷ ಮಾತಾಡಿದ.

ಗಿರಣಿಯಲ್ಲಿ ಗೋಧಿ ಹಾಕಿದ ಹಿಂದೆಯೇ ಜೋಳ ಹಾಕಿದರೆ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ಇವರ ಹಿಟ್ಟಿಗೆ ಸೇರುತ್ತದೆ. ಅವನ ಅವ್ವನಿಗೆ ಅದು ಆಗದು, ರೊಟ್ಟಿ ತಟ್ಟುವಾಗಲೇ ಕೈಗೆ ಗೊತ್ತಾಗುತ್ತದೆ. ಹಾಗಾಗಿ ಜೋಳ ತಂದವರ ಹಿಂದೆಯೇ ನಿಲ್ಲಬೇಕು. ಮೊದಲ ತಿಂಗಳು ಮರಾಠಿ ಬಾರದೆ ಸುಮ್ಮನೆ ಡಬ್ಬಿ ಇಟ್ಟು ಬಂದು ಬೈಸಿಕೊಂಡ. ಆಮೇಲೆ ಒಂದೇ ಒಂದು ವಾಕ್ಯ ಕಲಿತ: "ಕಾಕಾ, ಜ್ವಾರಿ ಕಧೀ ಲಾವಣಾರ?" ಅಂದರೆ ಜೋಳ ಯಾವಾಗ ಹಾಕ್ತೀರಿ ಅಂತ. ಯಾವ ದಿನ ಎಷ್ಟು ಹೊತ್ತಿಗೆ ಜೋಳ ಬೀಸುತ್ತಾರೆ ಅಂತ ಆರು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಶನಿವಾರ ಸಂಜೆ ಜೋಳದವರು ಜಾಸ್ತಿ ಬರುತ್ತಾರೆ ಅಂತ ತಿಳಿಯಿತು. ಕಾಕಾಗೆ ತೋರಿಸಿದ. ಅವರು ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಜೋಳದ ಹೊತ್ತು ಬರೆದರು.

ಇದು ಬರೆಯೋ ವಿಷಯಾನಾ ಅಂತ ಅವನಿಗೇ ಆಶ್ಚರ್ಯ. ಇದೇ ಬರೆಯೋ ವಿಷಯ. ಯಂತ್ರದ ಹುಚ್ಚು ಇದರಲ್ಲಿದೆ, ಹೊಸ ಊರು ಇದರಲ್ಲಿದೆ, ಅವ್ವ ಇದ್ದಾಳೆ, ಆರು ವಾರದ ಪಟ್ಟು ಇದೆ. ಅವನು ಮೊದಲು ಬರೆದ ಇಂಗ್ಲಿಷ್ ಪ್ರತಿಯಲ್ಲಿ ಕೊನೆಗೆ ಒಂದು ಸಾಲು ಸೇರಿಸಿದ್ದ, ಇದರಿಂದ ನಾನು ನಾಯಕತ್ವ ಕಲಿತೆ ಅಂತ. ಆ ಸಾಲು ತೆಗೆಸಿದೆ. ಸೀಮೆಸುಣ್ಣದ ಬರಹ ಕಂಡವರಿಗೆ ಉಳಿದದ್ದು ತಾನೇ ತಿಳಿಯುತ್ತದೆ, ಅಲ್ವಾ.

ಇನ್ನೊಬ್ಬ ಹುಡುಗಿ ತೀರ್ಥಹಳ್ಳಿ ಕಡೆಯವಳು, ಅಜ್ಜಿಯೂ ಜೊತೆಗೇ ಬಂದಿದ್ದರು. ಪುಣೆಯ ಬಸ್ಸಿನ ನಂಬರು ದೇವನಾಗರಿ ಅಂಕಿಯಲ್ಲಿರುತ್ತದೆ. ಅಜ್ಜಿಗೆ ಕನ್ನಡ ಅಂಕಿ ಚೆನ್ನಾಗಿ ಗೊತ್ತು. ೨ ಮತ್ತು ೩ ಅಲ್ಲಿಯೂ ಹೆಚ್ಚುಕಡಿಮೆ ಹೀಗೇ ಇರುವುದರಿಂದ ಓದಿಬಿಡುತ್ತಿದ್ದರು, ೫ ಮತ್ತು ೬ ಬಂದರೆ ಬಸ್ಸು ಹೋದ ಮೇಲೆ ಗೊತ್ತಾಗುತ್ತಿತ್ತು. ಹುಡುಗಿ ಒಂದು ರಟ್ಟಿನ ಮೇಲೆ ಎರಡೂ ಬರೆದು ಅಜ್ಜಿಯ ಚೀಲಕ್ಕೆ ಹಾಕಿದಳು. ಅಮೆರಿಕದ ಅರ್ಜಿಗೆ ಆ ರಟ್ಟು ಮತ್ತು ಅಜ್ಜಿ ಒಬ್ಬರೇ ದೇವಸ್ಥಾನಕ್ಕೆ ಹೋಗಿ ಬಂದ ದಿನ, ಅಷ್ಟೇ ಸಾಕಾಯಿತು. ಇಂಗ್ಲೆಂಡಿಗೆ ಅವಳು ಭಾಷಾಶಾಸ್ತ್ರ ಕೇಳಿದ್ದಳು. ಅಲ್ಲಿ ಅಜ್ಜಿಗೆ ಒಂದೇ ವಾಕ್ಯ. ಎರಡು ಲಿಪಿಯ ಅಂಕಿಗಳು ಯಾಕೆ ಕೆಲವು ಕಡೆ ಸೇರುತ್ತವೆ, ಕೆಲವು ಕಡೆ ಬೇರೆಯಾಗುತ್ತವೆ, ಎರಡರ ಮೂಲವೂ ಬ್ರಾಹ್ಮಿ ಅಂತ ತಿಳಿದ ಮೇಲೆ ಏನೇನು ಓದಿದಳು, ಏನು ಇನ್ನೂ ಅರ್ಥವಾಗಿಲ್ಲ ಅನ್ನುವುದೇ ಉಳಿದ ಬರಹ.

ಮನೆಯಲ್ಲಿ ಹೇಗೆ ಮಾಡುವುದು

ಊಟ ಆದ ಮೇಲೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕಕ್ಕಿಡಿ. ಮಗು ಮನೆಮಾತಿನಲ್ಲೇ ಮಾತಾಡಲಿ, ಕನ್ನಡ, ತುಳು, ಕೊಂಕಣಿ ಯಾವುದಾದರೂ ಸರಿ. ನೀವು ಕೇಳಬೇಕಾದದ್ದು ಎರಡೇ: ಆಮೇಲೆ ಏನಾಯ್ತು, ಆವಾಗ ನೀನೇನು ಮಾಡಿದೆ. ಏನು ಕಲಿತೆ ಅಂತ ಮಾತ್ರ ಕೇಳಬೇಡಿ, ಹಾಗೆ ಕೇಳಿದ ತಕ್ಷಣ ಮಕ್ಕಳು ಭಾಷಣ ಶುರು ಮಾಡುತ್ತಾರೆ. ಮೂರು ನಾಲ್ಕು ರಾತ್ರಿ ಹೀಗೆ ಮಾಡಿ. ಯಾವ ಕಥೆ ಹೇಳುವಾಗ ದನಿ ಬದಲಾಯಿತು, ಯಾವುದಕ್ಕೆ ನೀವೇ ಕೆಲಸ ಬಿಟ್ಟು ಕೂತು ಕೇಳಿದಿರಿ, ಅದನ್ನು ಹಿಡಿಯಿರಿ. ಆಮೇಲೆ ಮಗು ರೆಕಾರ್ಡಿಂಗ್ ಕೇಳುತ್ತಾ ಇಂಗ್ಲಿಷಿನಲ್ಲಿ ಬರೆಯಲಿ. ನೇರವಾಗಿ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಸ್ಕೂಲಿನ ನಿಬಂಧದ ಭಾಷೆ ಬಂದುಬಿಡುತ್ತದೆ. ಕನ್ನಡದಲ್ಲಿ ಹೇಳುವಾಗ ಯಾರೂ ಬಾಲ್ಯದಿಂದಲೇ ನನಗೆ ಅಪಾರ ಆಸಕ್ತಿ ಅಂತ ಅಮ್ಮನ ಮುಂದೆ ಹೇಳುವುದಿಲ್ಲ. ಅಜ್ಜಿ, ರೊಟ್ಟಿ, ಗಿರಣಿ ಈ ಮಾತುಗಳು ಇಂಗ್ಲಿಷಿನೊಳಗೂ ಹಾಗೇ ಇರಲಿ, ಮೊದಲ ಸಲ ಬಂದಾಗ ಅರ್ಥ ತಿಳಿಯುವ ಹಾಗೆ ಬರೆದರೆ ಸಾಕು.

ಇದೆಲ್ಲ ಮನೆ ವಿಷಯ, ಊರಿಗೆಲ್ಲ ಯಾಕೆ ಹೇಳಬೇಕು ಅಂತ ಕೆಲವು ಅಪ್ಪಂದಿರು ತಡೆಯುತ್ತಾರೆ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಕೆಲಸ ಹೋದದ್ದು, ಸಾಲ, ಕಾಯಿಲೆ ಇಂಥದ್ದನ್ನು ಬರೆಯಲೇಬೇಕು ಅಂತ ಯಾರೂ ಹೇಳುವುದಿಲ್ಲ. ಬರೆಯುವುದಾದರೆ ಮನೆಯವರೆಲ್ಲ ಕೂತು ಒಪ್ಪಿದ ಮೇಲೆ ಬರೆಯಿರಿ. ಇಲ್ಲದ ಕಷ್ಟವನ್ನಂತೂ ಹುಟ್ಟಿಸಬೇಡಿ.

ಬರೆದ ಮೇಲೆ ಇಬ್ಬರಿಗೆ ಓದಲು ಕೊಡಿ, ಹತ್ತು ಜನಕ್ಕೆ ಬೇಡ. ಹತ್ತು ಜನ ತಿದ್ದಿದರೆ ಅದರಲ್ಲಿ ಮಗುವಿನ ದನಿ ಉಳಿಯುವುದಿಲ್ಲ.

ಹೊಸಬರು ಮರೆಯುವ ಕಾಗದಗಳು

ಅಮೆರಿಕದ ಅರ್ಜಿಗೆ ಒಂಬತ್ತನೇ ಕ್ಲಾಸಿನಿಂದ ಅಂಕಪಟ್ಟಿ ಬೇಕಾಗುತ್ತದೆ. ಅಂದರೆ ಊರಿನ ಹಳೆಯ ಸ್ಕೂಲಿನದ್ದೂ ಬೇಕು. ರಜೆಗೆ ಊರಿಗೆ ಹೋದಾಗಲೇ ಸಹಿ, ಸೀಲು ಹಾಕಿಸಿ ತನ್ನಿ. ಮೇಷ್ಟರ ಶಿಫಾರಸು ಪತ್ರವೂ ಬೇಕು. ಇಲ್ಲಿನ ಜೂನಿಯರ್ ಕಾಲೇಜಿನಲ್ಲಿ ಮಗುವನ್ನು ಸರಿಯಾಗಿ ಬಲ್ಲವರು ಇನ್ನೂ ಇರುವುದಿಲ್ಲ. ಕಾಲೇಜಿನ ನಿಯಮ ಒಪ್ಪುವುದಾದರೆ ಹಳೆಯ ಮೇಷ್ಟರನ್ನೇ ಕೇಳಿ, ಬಲ್ಲವರು ಬರೆದರೆ ಪತ್ರಕ್ಕೆ ಜೀವ ಬರುತ್ತದೆ.

ಹೆಸರಿನ ತೊಂದರೆ ನಮ್ಮವರಿಗೆ ಯಾವಾಗಲೂ ಇದ್ದದ್ದೇ. ನಮ್ಮಲ್ಲಿ ಇನಿಶಿಯಲ್ ಸಾಕು, ಇಲ್ಲಿಯ ಫಾರ್ಮಿನಲ್ಲಿ ಅಡ್ಡಹೆಸರು, ಅಪ್ಪನ ಹೆಸರು ಎಲ್ಲ ಕೇಳುತ್ತಾರೆ. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ. ಮಧ್ಯದಲ್ಲಿ ಸ್ಕೂಲು ಯಾಕೆ ಬದಲಾಯಿತು ಅನ್ನುವುದಕ್ಕೆ ಕಾಮನ್ ಆಪ್‌ನಲ್ಲಿ ಹೆಚ್ಚುವರಿ ಮಾಹಿತಿಯ ಜಾಗ ಬೇರೆ ಇದೆ, ಎರಡು ಸಾಲಿನಲ್ಲಿ ಅಲ್ಲಿ ಹೇಳಿ. ಪ್ರಬಂಧದ ಪದಗಳನ್ನು ಅದಕ್ಕೆ ಖರ್ಚು ಮಾಡಬೇಡಿ. ಮತ್ತೆ, ಬಲ್ಲ ಭಾಷೆಗಳನ್ನು ಕೇಳಿದ ಕಡೆ ಇಂಗ್ಲಿಷ್, ಹಿಂದಿ ಅಂತ ಎರಡೇ ಬರೆದು ಬಿಡುವ ಮಕ್ಕಳನ್ನು ನೋಡಿ ನನಗೆ ಬೇಜಾರಾಗುತ್ತದೆ. ಕನ್ನಡ ಓದಲು ಬರೆಯಲು ಬಂದರೆ ಅದನ್ನೂ ಬರೆಯಿರಿ, ತುಳು ಬಂದರೆ ತುಳು, ಈಗ ಕಲಿತ ಮರಾಠಿಯನ್ನೂ ಸೇರಿಸಿ.

ಯಾವಾಗ ಶುರು ಮಾಡಬೇಕು

ಹನ್ನೊಂದನೆಯ ಪರೀಕ್ಷೆ ಮುಗಿದ ರಜೆಯಲ್ಲಿ. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಇಂಗ್ಲೆಂಡಿನ ವೈದ್ಯಕೀಯಕ್ಕೆ ಅಕ್ಟೋಬರ್ 15 ಕೊನೆ. ಅಮೆರಿಕದ ಬೇಗನೆಯ ಸುತ್ತಿಗೆ ಹೆಚ್ಚಿನ ಕಡೆ ನವೆಂಬರ್ 1, ಅದು ದೀಪಾವಳಿಯ ಆಸುಪಾಸು, ಮನೆ ತುಂಬಾ ನೆಂಟರು. ಎರಡನೇ ಸುತ್ತು ಜನವರಿಯ ಹೊತ್ತಿಗೆ, ಅಂದರೆ ಹನ್ನೆರಡನೆಯ ಪ್ರಿಲಿಮ್ಸ್, ಬೋರ್ಡ್ ಪರೀಕ್ಷೆಗೆ ಮುಂಚಿನ ತಯಾರಿ ಪರೀಕ್ಷೆಯ ಪಕ್ಕದಲ್ಲೇ. ಕೊನೆಯ ವಾರಕ್ಕೆ ಇಟ್ಟುಕೊಂಡವರು ಎರಡನ್ನೂ ಕೆಡಿಸಿಕೊಂಡದ್ದನ್ನು ಕಂಡಿದ್ದೇನೆ.

ಜೂನ್ ಮೊದಲ ಭಾನುವಾರದಿಂದ ಬೆಳಿಗ್ಗೆ ಹತ್ತಕ್ಕೆ ಸಂಘದಲ್ಲಿ ಕೂರುತ್ತೇವೆ, ದುಡ್ಡು ಕೊಡಬೇಕಾಗಿಲ್ಲ. ಬರೆದದ್ದು ಏನೂ ಇಲ್ಲದಿದ್ದರೂ ಪರವಾಗಿಲ್ಲ. ಫೋನಿನಲ್ಲಿ ಆ ರೆಕಾರ್ಡಿಂಗ್ ಇದ್ದರೆ ಅದನ್ನೇ ತನ್ನಿ, ಅಜ್ಜಿ ಬರುತ್ತೇನೆ ಅಂದರೆ ಅವರನ್ನೂ ಕರೆದುಕೊಂಡು ಬನ್ನಿ.