ಮಂಗಳೂರಿನ ಕ್ರಯ, ದುಬೈಯ ಕ್ರಯ: ದಿನಸಿ ರೇಟನ್ನು ಸರಿಯಾಗಿ ಹೋಲಿಸುವ ಲೆಕ್ಕ

ಮಂಗಳೂರು, ಉಡುಪಿ ಕಡೆ ಗಲ್ಫಿನ ನಂಟಿಲ್ಲದ ಮನೆ ಕಡಿಮೆ. ಅಲ್ಲಿ ನೀರುಳ್ಳಿ ಎಷ್ಟು, ಇಲ್ಲಿ ಎಷ್ಟು ಎಂಬ ಮಾತು ಪ್ರತಿ ಫೋನಿನಲ್ಲೂ ಬರುತ್ತದೆ. ಆದರೆ ಹೆಚ್ಚಿನ ಹೋಲಿಕೆಗಳು ತೂಕ, ತೆರಿಗೆ, ತಿಂಗಳು, ವಿನಿಮಯ ದರ ಈ ನಾಲ್ಕರಲ್ಲಿ ಒಂದೆಡೆ ತಪ್ಪುತ್ತವೆ. ಊರಿಗೆ ತಿಂಗಳಿಗೆ ಎಷ್ಟು ಕಳಿಸಬೇಕು, ಕುಟುಂಬವನ್ನು ಅಲ್ಲಿಗೆ ಕರೆಸಿಕೊಂಡರೆ ಖರ್ಚು ಎಷ್ಟಾದೀತು ಎಂಬ ತೀರ್ಮಾನಗಳು ಇದರ ಮೇಲೆ ನಿಂತಿರುವುದರಿಂದ ಲೆಕ್ಕ ಸರಿ ಇರಲೇಬೇಕು. ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್ ಸಾಕು.

ಮೊದಲು ನಿಮ್ಮ ಮನೆಯ ಪಟ್ಟಿ

ತಿಂಗಳಿಗೆ ನಿಜವಾಗಿ ಖರ್ಚಾಗುವ ಹನ್ನೆರಡು ಹದಿನೈದು ಸಾಮಾನು ಬರೆಯಿರಿ, ಪ್ರತಿಯೊಂದಕ್ಕೂ ಪ್ರಮಾಣ ನಿಗದಿ ಮಾಡಿ. ನಾಲ್ಕು ಜನರ ಮನೆಗೆ ಹೀಗಿರಬಹುದು: ಕುಚ್ಚಲಕ್ಕಿ 20 ಕಿಲೊ, ಬೆಳ್ತಿಗೆ ಅಕ್ಕಿ 5 ಕಿಲೊ, ಉದ್ದಿನಬೇಳೆ 2 ಕಿಲೊ, ತೊಗರಿಬೇಳೆ 2 ಕಿಲೊ, ತೆಂಗಿನಕಾಯಿ 10 ಕಿಲೊ, ತೆಂಗಿನೆಣ್ಣೆ 2 ಲೀಟರ್, ಹಾಲು 30 ಲೀಟರ್, ನೀರುಳ್ಳಿ 5 ಕಿಲೊ, ಬಟಾಟೆ 3 ಕಿಲೊ, ಟೊಮೆಟೊ 4 ಕಿಲೊ, ಬ್ಯಾಡಗಿ ಮೆಣಸು ಅರ್ಧ ಕಿಲೊ, ಮೊಟ್ಟೆ 60, ಬಂಗುಡೆ 6 ಕಿಲೊ.

ಈ ಪ್ರಮಾಣವನ್ನು ವರ್ಷವಿಡೀ ಬದಲಿಸಬೇಡಿ. ಟೊಮೆಟೊ ದುಬಾರಿಯಾದಾಗ ನಾವು ಎರಡು ಕಿಲೊಗೆ ಇಳಿಯುತ್ತೇವೆ, ಸಾರಿಗೆ ಹುಣಸೆಹುಳಿ ಹಾಕುತ್ತೇವೆ. ಆಗ ಬಿಲ್ಲು ಏರುವುದಿಲ್ಲ, ಆದರೆ ಕ್ರಯ ಏರಿರುತ್ತದೆ. ಅಂಗಡಿ ಬಿಲ್ಲಿನ ಮೊತ್ತವನ್ನೇ ನೋಡಿ ಬೆಲೆಯೇರಿಕೆ ಅಳೆಯಲಾಗದು ಎನ್ನುವುದು ಇದಕ್ಕೇ.

ರೇಟು ಬರೆಯಲು ಒಂದೇ ಅಂಗಡಿ, ತಿಂಗಳ ಒಂದೇ ವಾರ ಹಿಡಿಯಿರಿ. ಅಷ್ಟಮಿ, ಚೌತಿಯ ವಾರ ಬೇಡ, ಆಗ ತರಕಾರಿಯ ರೇಟು ಹಬ್ಬದ ರೇಟು. ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಲಾರಿಗಳು ನಿಂತರೆ ಘಟ್ಟದ ಮೇಲಿಂದ ಬರುವ ತರಕಾರಿ ಎರಡೇ ದಿನದಲ್ಲಿ ಏರುತ್ತದೆ. ಅಂಥ ವಾರ ಬಂದರೆ ರೇಟಿನ ಪಕ್ಕ ಒಂದು ಗುರುತು ಹಾಕಿ, ಮುಂದಿನ ವಾರದ ರೇಟನ್ನೂ ಬರೆದಿಡಿ. ಮೀನಿಗಂತೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೇ ತಿಂಗಳ ಬಂಗುಡೆಯನ್ನು ಜುಲೈಯ ಬಂಗುಡೆಗೆ ಹೋಲಿಸಿದರೆ ಸಿಗುವುದು ರಜೆಯ ಲೆಕ್ಕ, ಬೆಲೆಯೇರಿಕೆಯ ಲೆಕ್ಕವಲ್ಲ. ಮೀನು, ತರಕಾರಿ ಎರಡನ್ನೂ ಹಿಂದಿನ ವರ್ಷದ ಅದೇ ತಿಂಗಳಿಗೇ ಹೋಲಿಸಬೇಕು.

ಎಲ್ಲವನ್ನೂ ಕಿಲೊ, ಲೀಟರಿಗೆ ಇಳಿಸಿ

ನಂದಿನಿ ಹಾಲನ್ನೇ ನೋಡಿ. 2024ರ ಜೂನ್‌ನಲ್ಲಿ ಲೀಟರ್ ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ 2 ರೂಪಾಯಿ ಏರಿಸಿದರು, ನೀಲಿ ಪ್ಯಾಕೆಟ್ 1050 ಮಿಲಿಗೆ 44 ರೂ. ಆಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ 1000 ಮಿಲಿ ಮಾಡಿ 46 ರೂ. ಮಾಡಿದರು. ಪ್ಯಾಕೆಟ್ ನೋಡಿದವರಿಗೆ ಏರಿದ್ದು 2 ರೂಪಾಯಿ. ಲೀಟರಿಗೆ ಲೆಕ್ಕ ಹಾಕಿದರೆ 44 ಭಾಗಿಸು 1.05, ಅಂದರೆ 41.90 ರೂ. ಇದ್ದದ್ದು 46 ಆಯಿತು: 4.10 ರೂಪಾಯಿ, ಶೇ. 9.8 ಏರಿಕೆ. ಬಿಸ್ಕತ್ತು, ಸೋಪು, ಚಹಾಪುಡಿಯಲ್ಲಿ ತೂಕ ಇಳಿಸಿ ಕ್ರಯ ಹಾಗೇ ಇಡುವುದೂ ಇದೇ ಜಾತಿಯದು. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿಯ ಹತ್ತಿರ ಈಗ ಗ್ರಾಮಿಗೆ ಅಥವಾ ಮಿಲಿಗೆ ಎಷ್ಟು ಎಂಬ ಯೂನಿಟ್ ದರವೂ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನೇ ಬರೆದುಕೊಳ್ಳಿ.

ತೆಂಗಿನಕಾಯಿ ನಮ್ಮಲ್ಲಿ ಕಿಲೊ ಲೆಕ್ಕ, ಘಟ್ಟದ ಮೇಲೆ ಮತ್ತು ಹೊರದೇಶದಲ್ಲಿ ಹೆಚ್ಚಾಗಿ ಒಂದಕ್ಕೆ ಇಷ್ಟು ಎಂದು. ಅಲ್ಲಿಯವರಿಗೆ ಒಂದು ಕಾಯಿ ತೂಗಿ ಹೇಳಲು ಹೇಳಿ. ಅಕ್ಕಿಯಲ್ಲಿ ಇನ್ನೊಂದು ಎಚ್ಚರ ಬೇಕು: 2022ರ ಜುಲೈ 18ರಿಂದ 25 ಕಿಲೊವರೆಗಿನ ಲೇಬಲ್ ಇರುವ ಪ್ಯಾಕೆಟ್ಟಿಗೆ ಶೇ. 5 ಜಿಎಸ್‌ಟಿ ಇದೆ, ಬಿಡಿ ಅಕ್ಕಿಗೆ ಇಲ್ಲ. ಹಳೆಯ ಬಿಡಿ ಅಕ್ಕಿಯ ರೇಟಿಗೆ ಹೊಸ ಪ್ಯಾಕೆಟ್ ಅಕ್ಕಿಯ ರೇಟು ಹೋಲಿಸಬೇಡಿ.

ಏರಿಕೆ ಎಷ್ಟು: ಸರಾಸರಿ ತೆಗೆಯಬೇಡಿ

ಲೆಕ್ಕ ತೋರಿಸಲು ನಾಲ್ಕೇ ಸಾಮಾನು, ದುಂಡು ಅಂಕಿ ಹಿಡಿಯೋಣ. ಕುಚ್ಚಲಕ್ಕಿ 20 ಕಿಲೊ, ಕಿಲೊಗೆ 50ರಿಂದ 55. ತೆಂಗಿನೆಣ್ಣೆ 2 ಲೀಟರ್, 250ರಿಂದ 400. ಹಾಲು 30 ಲೀಟರ್, 42ರಿಂದ 46. ನೀರುಳ್ಳಿ 5 ಕಿಲೊ, 50ರಿಂದ 30ಕ್ಕೆ ಇಳಿಕೆ.

ಹಳೆಯ ಒಟ್ಟು: 1000 + 500 + 1260 + 250 = 3010 ರೂ.
ಹೊಸ ಒಟ್ಟು: 1100 + 800 + 1380 + 150 = 3430 ರೂ.

3430ನ್ನು 3010ರಿಂದ ಭಾಗಿಸಿದರೆ 1.14, ಅಂದರೆ ಶೇ. 14 ಏರಿಕೆ. ಪ್ರತಿ ಸಾಮಾನಿನ ಶೇಕಡಾವಾರು ತೆಗೆದು ನಾಲ್ಕರಿಂದ ಭಾಗಿಸಿದರೆ ಸುಮಾರು 10 ಎಂದು ಬರುತ್ತದೆ, ಅದು ತಪ್ಪು. ಐದು ಕಿಲೊ ನೀರುಳ್ಳಿಯ ಇಳಿಕೆಗೂ ಮೂವತ್ತು ಲೀಟರ್ ಹಾಲಿನ ಏರಿಕೆಗೂ ಒಂದೇ ತೂಕ ಕೊಟ್ಟಂತಾಗುತ್ತದೆ. ಜೊತೆಗೆ ಯಾವುದು ಎಷ್ಟು ಹೊರೆ ಹಾಕಿತು ಎಂದೂ ನೋಡಿ: ನಿವ್ವಳ ಹೆಚ್ಚಳ 420 ರೂ., ಅದರಲ್ಲಿ ತೆಂಗಿನೆಣ್ಣೆಯೊಂದೇ 300. ಮಿತವ್ಯಯ ಎಲ್ಲಿ ಆರಂಭಿಸಬೇಕು ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಈಗ ಹೊರದೇಶ

ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ: ಅಲ್ಲಿ ಕ್ರಯ ಎಷ್ಟಿದೆ, ಮತ್ತು ಅಲ್ಲಿ ಕ್ರಯ ಎಷ್ಟು ಏರಿದೆ. ಎರಡನೆಯದಕ್ಕೆ ರೂಪಾಯಿಯನ್ನು ತರಲೇಬೇಡಿ. ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725ಕ್ಕೆ ಕಟ್ಟಿಹಾಕಿದ ನಾಣ್ಯ. ಡಾಲರ್ 83 ರೂ. ಇದ್ದಾಗ ದಿರ್ಹಮ್ 22.60, ಡಾಲರ್ 90 ಆದಾಗ 24.51. ದುಬೈಯಲ್ಲಿ 10 ದಿರ್ಹಮ್ ಇದ್ದ ಸಾಮಾನು 10 ದಿರ್ಹಮ್ಮೇ ಇದ್ದರೂ ನಮ್ಮ ಪುಸ್ತಕದಲ್ಲಿ 226ರಿಂದ 245ಕ್ಕೆ ಏರುತ್ತದೆ. ಏರಿದ್ದು ಅಲ್ಲಿಯ ದಿನಸಿಯಲ್ಲ, ಕುಸಿದದ್ದು ನಮ್ಮ ರೂಪಾಯಿ. ಹಾಗಾಗಿ ಏರಿಕೆಯನ್ನು ಯಾವಾಗಲೂ ಆಯಾ ದೇಶದ ಹಣದಲ್ಲೇ ತೆಗೆಯಿರಿ.

ತೆರಿಗೆ ಕೇಳಿ ತಿಳಿಯಿರಿ. ಭಾರತದ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿದೆ. ಯುಎಇಯಲ್ಲಿ 2018ರಿಂದ ಶೇ. 5 ವ್ಯಾಟ್, ಸೌದಿಯಲ್ಲಿ 2020ರ ಜುಲೈಯಿಂದ ಶೇ. 15, ಇವು ಅಂಗಡಿಯ ರೇಟಿನಲ್ಲೇ ಸೇರಿರುತ್ತವೆ. ಬ್ರಿಟನ್ನಿನಲ್ಲಿ ಹೆಚ್ಚಿನ ದಿನಸಿಗೆ ವ್ಯಾಟ್ ಸೊನ್ನೆ. ಅಮೆರಿಕದ ಶೆಲ್ಫಿನ ಮೇಲಿನ ರೇಟಿಗೆ ಮಾರಾಟ ತೆರಿಗೆ ಸೇರಿರುವುದಿಲ್ಲ, ಅದು ರಾಜ್ಯಕ್ಕೊಂದು ಥರ. ಅಲ್ಲಿಯ ಪೌಂಡ್ ಅಂದರೆ 453.6 ಗ್ರಾಂ, ಗ್ಯಾಲನ್ ಅಂದರೆ 3.785 ಲೀಟರ್.

ರೂಪಾಯಿಗೆ ಬದಲಾಯಿಸಿದ ಕ್ರಯ ಊರಿಗೆ ಹಣ ಕಳಿಸುವವರಿಗೆ ಉಪಯುಕ್ತ, ಅಲ್ಲಿ ದುಡಿದು ಅಲ್ಲೇ ಉಣ್ಣುವವರಿಗೆ ಅಲ್ಲ. ಅವರಿಗೆ ದುಡಿಮೆಯ ಗಂಟೆಯ ಲೆಕ್ಕ ಬೇಕು: ಕೈಗೆ ಸಿಗುವ ತಿಂಗಳ ಸಂಬಳವನ್ನು ಕೆಲಸದ ಗಂಟೆಗಳಿಂದ ಭಾಗಿಸಿ, ಪಟ್ಟಿಯ ಒಟ್ಟು ಕ್ರಯವನ್ನು ಆ ಗಂಟೆಯ ಸಂಬಳದಿಂದ ಭಾಗಿಸಿ. ಎಷ್ಟು ಗಂಟೆ ದುಡಿದರೆ ಮನೆಯ ದಿನಸಿ ಬರುತ್ತದೆ ಎಂದು ಸಿಗುತ್ತದೆ. ವಿನಿಮಯ ದರ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ವಿಶ್ವಬ್ಯಾಂಕಿನ 2017ರ ಹೋಲಿಕೆ ಸಾಕ್ಷಿ: ಡಾಲರಿಗೆ ಮಾರುಕಟ್ಟೆಯಲ್ಲಿ 65.12 ರೂ. ಇದ್ದಾಗ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಂದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ಇಲ್ಲಿ ಕೊಳ್ಳಲು, 20.65 ರೂ. ಸಾಕು ಎಂದು ಬಂದಿತ್ತು.

ಪಟ್ಟಿಯನ್ನು ಹಾಗೇ ಒಯ್ಯಬೇಡಿ ಕೂಡ. ದುಬೈಯಲ್ಲಿ ಕುಚ್ಚಲಕ್ಕಿ ಹಡಗಿನಲ್ಲಿ ಹೋದದ್ದು, ಲಂಡನ್ನಿನಲ್ಲಿ ಬಸಳೆ ಅಪರೂಪದ ಸೊಪ್ಪು. ನಮ್ಮ ಊಟವೇ ಬೇಕೆಂದರೆ ಒಂದು ಪಟ್ಟಿ, ಅಲ್ಲಿಯವರು ಉಣ್ಣುವುದನ್ನೇ ಉಂಡರೆ ಇನ್ನೊಂದು ಪಟ್ಟಿ, ಎರಡನ್ನೂ ಹಾಕಿ.

ದಿನಾಂಕ ಮರೆಯಬೇಡಿ. ಭಾರತ 2023ರ ಡಿಸೆಂಬರ್ 8ರಿಂದ 2024ರ ಮೇ ಆರಂಭದವರೆಗೆ ನೀರುಳ್ಳಿ ರಫ್ತು ನಿಲ್ಲಿಸಿತ್ತು. 2023ರ ಜುಲೈ 20ರಿಂದ 2024ರ ಸೆಪ್ಟೆಂಬರ್ 28ರವರೆಗೆ ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯನ್ನೂ ನಿಲ್ಲಿಸಿತ್ತು. ಹೀಗೆ ಮಾಡಿದಾಗ ಇಲ್ಲಿ ಕ್ರಯ ತಗ್ಗುತ್ತದೆ, ನಮ್ಮಿಂದ ತರಿಸಿಕೊಳ್ಳುವ ಗಲ್ಫಿನಲ್ಲಿ ಏರುತ್ತದೆ. ತಾಳೆ ಎಣ್ಣೆಯಲ್ಲಿ ತಿರುಗುಮುರುಗು: 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ರಫ್ತು ನಿಲ್ಲಿಸಿದಾಗ ಬಿಸಿ ತಟ್ಟಿದ್ದು ಅದನ್ನು ತರಿಸಿಕೊಳ್ಳುವ ನಮಗೆ.

ಸರಕಾರಿ ಶೇಕಡಾವಾರು ಓದುವಾಗ

ಬ್ರಿಟನ್ನಿನಲ್ಲಿ 2023ರ ಮಾರ್ಚ್‌ನಲ್ಲಿ ಆಹಾರದ ಬೆಲೆಯೇರಿಕೆ ಶೇ. 19 ದಾಟಿತ್ತು, ಅಮೆರಿಕದಲ್ಲಿ ಮನೆಗೆ ತರುವ ದಿನಸಿಯದು 2022ರ ಆಗಸ್ಟ್‌ನಲ್ಲಿ ಶೇ. 13.5, ಭಾರತದಲ್ಲಿ 2023ರ ಜುಲೈಯಲ್ಲಿ ಶೇ. 11.5. ಇಷ್ಟೇ ನೋಡಿ ನಮಗೇ ಕಡಿಮೆ ಪೆಟ್ಟು ಎನ್ನಬೇಡಿ. 2012ರ ಕ್ರಯವನ್ನು 100 ಎಂದು ಹಿಡಿದ ನಮ್ಮ ಆಗಿನ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಶೇ. 45.86 ಇತ್ತು, ಅಮೆರಿಕದಲ್ಲಿ ಮನೆಯ ದಿನಸಿಯ ಪಾಲು ಸುಮಾರು ಶೇ. 8. ಆ ಲೆಕ್ಕದಲ್ಲಿ ಆಹಾರ ಶೇ. 10 ಏರಿದರೆ ಇಲ್ಲಿಯ ಒಟ್ಟು ಖರ್ಚಿಗೆ ಸುಮಾರು ಶೇ. 4.6, ಅಲ್ಲಿ ಶೇ. 0.8 ಸೇರುತ್ತಿತ್ತು. ಬಡ ಮನೆಯಲ್ಲಿ ಊಟದ ಪಾಲು ಇನ್ನೂ ದೊಡ್ಡದು, ಹೊಡೆತವೂ ದೊಡ್ಡದು.

ಶೇಕಡಾ ಇಳಿದರೆ ಕ್ರಯ ಇಳಿದಂತಲ್ಲ. 100 ಇದ್ದದ್ದು 111 ಆಗಿ, ಮರುವರ್ಷ 114 ಆದರೆ ಏರಿಕೆ ಶೇ. 11ರಿಂದ ಶೇ. 2.7ಕ್ಕೆ ಇಳಿಯಿತು ಎಂದು ಸುದ್ದಿ ಬರುತ್ತದೆ, ನೀವು ಕೊಡುವುದು 114. ಶೇಕಡಾ ಸೊನ್ನೆಗಿಂತ ಕೆಳಗೆ ಹೋದಾಗ ಮಾತ್ರ ಕ್ರಯ ನಿಜಕ್ಕೂ ಇಳಿದದ್ದು. 2025ರ ಅಕ್ಟೋಬರ್‌ನಲ್ಲಿ ಭಾರತದ ಆಹಾರ ಸೂಚ್ಯಂಕ ಹಿಂದಿನ ವರ್ಷಕ್ಕಿಂತ ಶೇ. 5ರಷ್ಟು ಕೆಳಗಿತ್ತು, ಅದರ ಹಿಂದಿನ ಅಕ್ಟೋಬರ್‌ನಲ್ಲಿ ಶೇ. 10ಕ್ಕಿಂತ ಹೆಚ್ಚು ಏರಿದ್ದದ್ದೂ ಅದಕ್ಕೊಂದು ಕಾರಣ.

ಮನೆಗೆ ಮಗು ಬಂತು, ಮಕ್ಕಳು ಹಾಸ್ಟೆಲಿಗೆ ಹೋದರು ಎಂದರೆ ಪಟ್ಟಿ ಬದಲಿಸಲೇಬೇಕು. ಆಗ ಒಂದು ತಿಂಗಳು ಹಳೆಯದು ಹೊಸದು ಎರಡನ್ನೂ ಬರೆಯಿರಿ. ಆರಂಭದ ತಿಂಗಳ ಒಟ್ಟನ್ನು 100 ಎಂದು ಹಿಡಿದು ಹಳೆಯ ಪಟ್ಟಿ 114ಕ್ಕೆ ಬಂದಿದ್ದರೆ ಹೊಸ ಪಟ್ಟಿಯ ಆ ತಿಂಗಳ ಒಟ್ಟನ್ನು 114 ಎಂದು ಇಟ್ಟುಕೊಳ್ಳಿ. ಮುಂದಿನ ತಿಂಗಳು ಹೊಸ ಒಟ್ಟು ಶೇ. 2 ಏರಿದರೆ 114ನ್ನು 1.02ರಿಂದ ಗುಣಿಸಿ 116.3 ಎಂದು ಬರೆಯಿರಿ.