ಕೊಂಡ ಮನೆಯ ಹಿತ್ತಿಲಿನ ಗೊತ್ತಿಲ್ಲದ ಗಿಡಗಳನ್ನು ಗುರುತಿಸುವ ಬಗೆ

ಹಳೆಯ ಮನೆಯನ್ನು ಕೊಂಡವರಿಗೆ ಕಾಗದಪತ್ರಗಳ ಜೊತೆಗೆ ಮನೆಯ ಬೀಗದ ಕೈಗಳು ಸಿಗುತ್ತವೆ, ಬಾವಿಯ ಆಳ ಎಷ್ಟೆಂಬ ಮಾಹಿತಿಯೂ ಸಿಗುತ್ತದೆ. ಆದರೆ ಹಿತ್ತಿಲಿನಲ್ಲಿ ನಿಂತಿರುವ ಇಪ್ಪತ್ತು ಮೂವತ್ತು ಗಿಡಗಳ ಹೆಸರನ್ನು ಯಾರೂ ಬರೆದುಕೊಡುವುದಿಲ್ಲ. ಶಿವಮೊಗ್ಗದ ಅಂಚಿನಲ್ಲಿ ನಾವು ಕೊಂಡ ಮನೆಯ ಸುತ್ತ ಇಪ್ಪತ್ತಾರು ಪೊದೆಗಿಡಗಳಿದ್ದವು. ದಾಸವಾಳ, ತುಳಸಿ, ಕರಿಬೇವು ಮುಂತಾದ ಏಳೆಂಟನ್ನು ಬಿಟ್ಟರೆ ಉಳಿದವು ಮನೆಯವರಾರಿಗೂ ಗೊತ್ತಿರಲಿಲ್ಲ. ಈಗ ಒಟ್ಟು ಇಪ್ಪತ್ತಾರರ ಪೈಕಿ ಇಪ್ಪತ್ತೈದರ ಹೆಸರು ಗೊತ್ತಿದೆ; ಆ ಗುರುತು ಸಿಕ್ಕಿದ ಕ್ರಮವನ್ನೂ ಮಾಡಿದ ತಪ್ಪುಗಳನ್ನೂ ಇಲ್ಲಿ ಹೇಳುತ್ತೇನೆ. ಹೂ ಬಿಟ್ಟಾಗ ನೋಡೋಣ ಎಂದು ವರ್ಷಗಟ್ಟಲೆ ಕಾಯುವ ಅಗತ್ಯ ಹೆಚ್ಚಿನ ಗಿಡಗಳಿಗೆ ಇಲ್ಲ. ಎಲೆ, ಗಿಣ್ಣು ಮತ್ತು ಸೊನೆ ಈ ಮೂರನ್ನು ಸರಿಯಾಗಿ ನೋಡಿದರೆ ಗಿಡದ ಕುಟುಂಬ ತಿಳಿಯುತ್ತದೆ, ಕುಟುಂಬ ತಿಳಿದ ಮೇಲೆ ಹೆಸರು ದೂರವಿರುವುದಿಲ್ಲ.

ಮೊದಲ ಮಳೆಗಾಲ ಮುಗಿಯುವವರೆಗೆ ಏನನ್ನೂ ಕಡಿಸಬೇಡಿ. ಇದನ್ನು ನಾನು ನಷ್ಟಪಟ್ಟು ಕಲಿತೆ. ಫೆಬ್ರವರಿಯಲ್ಲಿ ಮನೆಗೆ ಬಂದಾಗ ಕಾಂಪೌಂಡಿನ ಮೂಲೆಯಲ್ಲಿ ಎಲೆಯೇ ಇಲ್ಲದ, ಬೂದುಬಣ್ಣದ ಕಡ್ಡಿಗಳ ಗಿಡವೊಂದಿತ್ತು. ಒಣಗಿದೆಯೆಂದು ಬುಡಕ್ಕೇ ಕಡಿಸಿದೆ. ಜುಲೈಯಲ್ಲಿ ಅದೇ ಬುಡದಿಂದ ನಾಲ್ಕು ಮೂಲೆಯ ಕಾಂಡದ ಚಿಗುರುಗಳು ಹೊರಟವು, ಅವುಗಳ ಎಲೆ ಮರಳುಕಾಗದದಂತೆ ಒರಟಾಗಿತ್ತು; ಅದು ಪಾರಿಜಾತವಾಗಿತ್ತು. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವುದು ಅದರ ಸ್ವಭಾವ. ಗಿಡ ಸತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಬೇಕು. ಒಳಗೆ ಹಸಿರು ಕಂಡರೆ ಜೀವವಿದೆ. ತುದಿಯಲ್ಲಿ ಕಂದು ಕಂಡಿತೆಂದು ನಿರ್ಧಾರಕ್ಕೆ ಬರದೆ ಬುಡದ ಹತ್ತಿರವೂ ಒಮ್ಮೆ ಕೆರೆಯಬೇಕು.

ನಂತರ ಒಂದು ದೊಡ್ಡ ಕಾಗದದ ಮೇಲೆ ಜಾಗದ ನಕ್ಷೆ ಬರೆದು, ಗೇಟಿನಿಂದ ಆರಂಭಿಸಿ ಬಲಕ್ಕೆ ಸುತ್ತುತ್ತಾ ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಕೊಡಬೇಕು. ಅದೇ ಸಂಖ್ಯೆಯನ್ನು ತೆಳು ತಗಡಿನ ತುಂಡಿನ ಮೇಲೆ ಮೊಳೆಯಿಂದ ಕೊರೆದು ಗಿಡಕ್ಕೆ ಸಡಿಲವಾಗಿ ಕಟ್ಟಬೇಕು. ಶಾಯಿಯಲ್ಲಿ ಬರೆದದ್ದು ಮಲೆನಾಡಿನ ಒಂದು ಮಳೆಗಾಲವನ್ನೂ ತಾಳುವುದಿಲ್ಲ. ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಸಂಖ್ಯೆಗೂ ಎರಡು ಪುಟ ಬಿಟ್ಟುಕೊಂಡು, ಯಾವ ತಿಂಗಳಲ್ಲಿ ಚಿಗುರಿತು, ಯಾವಾಗ ಮೊಗ್ಗು ಬಂತು, ಯಾವ ಹಕ್ಕಿ ಹಣ್ಣು ತಿಂದಿತು ಎಂಬುದನ್ನು ಕಂಡಂತೆ ಬರೆದಿಡಬೇಕು.

ಗಿಡ ನಿಂತಿರುವ ಜಾಗವೇ ಮೊದಲ ಸಾಕ್ಷಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ನೆಡುವುದಕ್ಕೆ ಒಂದು ಕ್ರಮವಿದೆ: ಪೂಜೆಯ ಹೂವಿನ ಗಿಡಗಳು ಮನೆಯ ಮುಂದೆ, ಅಡಿಗೆಯ ಸೊಪ್ಪು ಮತ್ತು ನಿಂಬೆ ಬಚ್ಚಲ ನೀರು ಹರಿಯುವ ಹಿಂಬದಿಯಲ್ಲಿ, ದನ ತಿನ್ನದ ಗಿಡಗಳು ಬೇಲಿಯಲ್ಲಿ. ಬೇಲಿಯ ಸಾಲಿನಲ್ಲಿ ಒಂದೇ ಅಂತರದಲ್ಲಿ ನಿಂತ ಗಿಡಗಳನ್ನು ಯಾರೋ ನೆಟ್ಟಿದ್ದಾರೆ. ಅಲ್ಲಿ ಲಕ್ಕಿ, ಆಡುಸೋಗೆ, ಮದರಂಗಿ, ಡುರಾಂಟ, ಕಾಡುಹರಳು ಇವುಗಳನ್ನು ಮೊದಲು ನೆನೆಯಬೇಕು. ಗೋಡೆಯ ಬುಡದಲ್ಲಿ, ತಂತಿಯ ಕೆಳಗೆ, ಬೇರೊಂದು ಮರದ ನೆರಳಿನಲ್ಲಿ ಅಡ್ಡಾದಿಡ್ಡಿ ಎದ್ದಿರುವವು ಬಹುಪಾಲು ಹಕ್ಕಿಗಳು ಬಿತ್ತಿದವು. ಲಂಟಾನ ಹಾಗೆ ಬರುತ್ತದೆ. ಗಂಧವೂ ಹಾಗೆಯೇ ಬರುತ್ತದೆ, ಅದರ ಮಾತು ಮುಂದೆ ಇದೆ.

ಈಗ ಎಲೆಗೆ ಬರೋಣ. ಮೊದಲ ಪ್ರಶ್ನೆ, ನಾವು ಎಲೆಯೆಂದುಕೊಂಡದ್ದು ನಿಜವಾಗಿ ಒಂದು ಎಲೆಯೇ, ಅಥವಾ ಹಲವು ಕಿರುಎಲೆಗಳಿರುವ ಒಂದು ಸಂಯುಕ್ತ ಎಲೆಯ ಭಾಗವೇ ಎಂಬುದು. ಇದನ್ನು ತೀರ್ಮಾನಿಸುವುದು ಮೊಗ್ಗು. ಪ್ರತಿ ನಿಜವಾದ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಿನಲ್ಲಿ ಒಂದು ಸಣ್ಣ ಮೊಗ್ಗಿರುತ್ತದೆ. ಕಿರುಎಲೆಯ ಬುಡದಲ್ಲಿ ಅದು ಇರುವುದಿಲ್ಲ. ನಮ್ಮ ಹಿಂಬಾಗಿಲಿನ ಬಳಿ ಅಕ್ಕಪಕ್ಕ ನಿಂತಿದ್ದ ಎರಡು ಗಿಡಗಳು ಇದಕ್ಕೆ ಒಳ್ಳೆಯ ಪಾಠವಾದವು. ದೂರದಿಂದ ಎರಡೂ ಕರಿಬೇವಿನ ಹಾಗೆ ಕಾಣುತ್ತಿದ್ದವು. ಒಂದು ಕರಿಬೇವೇ: ಕಿರುಎಲೆಗಳ ಬುಡದಲ್ಲಿ ಏನೂ ಇಲ್ಲ, ಇಡೀ ಗರಿಯ ಬುಡದಲ್ಲಿ ಮಾತ್ರ ಮೊಗ್ಗು. ಇನ್ನೊಂದರಲ್ಲಿ ಪ್ರತಿ 'ಕಿರುಎಲೆ'ಯ ಬುಡದಿಂದಲೂ ತೆಳು ತೊಟ್ಟಿನ ಚಿಕ್ಕ ಹೂಗಳು ಕೆಳಕ್ಕೆ ಜೋತಾಡುತ್ತಿದ್ದವು. ಎಲೆಯ ಗರಿಯಿಂದ ಹೂ ಬರುವುದಿಲ್ಲವಾದ್ದರಿಂದ ಅದು ಗರಿಯಲ್ಲ, ಎರಡು ಸಾಲಿನಲ್ಲಿ ಬಿಡಿ ಎಲೆಗಳನ್ನು ಹೊತ್ತ ರೆಂಬೆ. ಅದು ಚಕ್ರಮುನಿ ಸೊಪ್ಪು. ಹೂವಿಲ್ಲದಿದ್ದಾಗಲೂ ಎಲೆಯನ್ನು ಹಿಸುಕಿ ಮೂಸಿದರೆ ವ್ಯತ್ಯಾಸ ತಿಳಿಯುತ್ತದೆ. ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂತಹ ಪಾರದರ್ಶಕ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು. ನಿಂಬೆ, ಬಿಲ್ವ, ಕಾಡು ಕರಿಬೇವು ಎಲ್ಲಕ್ಕೂ ಈ ಚುಕ್ಕೆಗಳಿವೆ, ಏಕೆಂದರೆ ಅವೆಲ್ಲ ರೂಟೇಸಿ ಎಂಬ ಒಂದೇ ಕುಟುಂಬದವು.

ಎರಡನೆಯ ಪ್ರಶ್ನೆ, ಕಾಂಡದ ಮೇಲೆ ಎಲೆಗಳ ಜೋಡಣೆ ಹೇಗಿದೆ ಎಂಬುದು. ಒಂದು ಗಿಣ್ಣಿಗೆ ಒಂದೇ ಎಲೆ ಇದ್ದು ಮುಂದಿನದು ಇನ್ನೊಂದು ಬದಿಗಿದ್ದರೆ ಅದು ಪರ್ಯಾಯ ಜೋಡಣೆ. ಒಂದೇ ಗಿಣ್ಣಿನಲ್ಲಿ ಎರಡು ಎಲೆಗಳು ಎದುರುಬದುರಾಗಿದ್ದರೆ ಅಭಿಮುಖ. ಮೂರು ಅಥವಾ ಹೆಚ್ಚು ಇದ್ದರೆ ಸುತ್ತು. ಕೇಳಲು ಕ್ಷುಲ್ಲಕವೆನಿಸಬಹುದು, ಆದರೆ ಇದೊಂದನ್ನೇ ನೋಡಿ ಅರ್ಧ ಗಿಡಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು. ನಮ್ಮ ಹಿತ್ತಿಲಿನಲ್ಲಿ ಉದ್ದನೆಯ ಕಿರಿದಾದ ಎಲೆಯ ಎರಡು ಗಿಡಗಳಿದ್ದವು, ಹೂ ಎರಡಕ್ಕೂ ಇರಲಿಲ್ಲ. ಒಂದರಲ್ಲಿ ಗಿಣ್ಣಿಗೆ ಮೂರು ಎಲೆಗಳಂತೆ ಸುತ್ತಾಗಿದ್ದವು: ಅದು ಕಣಗಿಲೆ. ಇನ್ನೊಂದರಲ್ಲಿ ಎಲೆಗಳು ಒಂದೊಂದಾಗಿ ಕಾಂಡವನ್ನು ಸುರುಳಿಯಂತೆ ಸುತ್ತಿದ್ದವು ಮತ್ತು ಮುರಿದಾಗ ಹೇರಳವಾಗಿ ಬಿಳಿಹಾಲು ಸುರಿಯಿತು: ಅದು ಹಳದಿ ಹೂವಿನ ಕಣಗಿಲೆ. ಹೆಸರು ಒಂದೇ, ಕುಟುಂಬವೂ ಒಂದೇ, ಆದರೆ ಗಿಡಗಳು ಬೇರೆ.

ಸೊನೆಯನ್ನು ಪರೀಕ್ಷಿಸುವುದು ಹೀಗೆ: ಎಳೆಯ ಎಲೆಯೊಂದನ್ನು ತೊಟ್ಟಿನ ಬಳಿ ಮುರಿದು ಹತ್ತು ಎಣಿಸುವವರೆಗೆ ನೋಡಬೇಕು. ಕೈಗವಸು ಇರಲಿ, ಮುಖವನ್ನು ದೂರವಿಡಿ, ಯಾವ ಕಾರಣಕ್ಕೂ ನಾಲಿಗೆಗೆ ಮುಟ್ಟಿಸಬೇಡಿ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿಯಾಗಿ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ರುಚಿ ನೋಡಿ ಗಿಡ ಗುರುತಿಸುವ ಹಿರಿಯರು ನಮ್ಮೂರಿನಲ್ಲಿದ್ದಾರೆ. ಅವರಿಗೆ ಐವತ್ತು ವರ್ಷದ ಅಭ್ಯಾಸವಿದೆ, ನಮಗಿಲ್ಲ. ಬಿಳಿಹಾಲು ಕಂಡರೆ ಮುಖ್ಯವಾಗಿ ಮೂರು ಕಡೆ ಹುಡುಕಬೇಕು: ನಂದಿಬಟ್ಟಲು, ಎಕ್ಕ, ದೇವಕಣಗಿಲೆಗಳ ಅಪೋಸೈನೇಸಿ ಕುಟುಂಬ; ಕಳ್ಳಿ, ಪಾಯಿನ್‌ಸೆಟಿಯಾಗಳ ಯುಫೋರ್ಬಿಯೇಸಿ ಕುಟುಂಬ; ಅತ್ತಿ, ಹಲಸುಗಳ ಮೊರೇಸಿ ಕುಟುಂಬ.

ಗಿಣ್ಣಿನಲ್ಲಿ ನೋಡಬೇಕಾದ ಇನ್ನೊಂದು ಗುರುತು ಬಹಳ ಚಿಕ್ಕದು, ಆದರೆ ನನ್ನ ಅನುಭವದಲ್ಲಿ ಇದರಷ್ಟು ಉಪಯುಕ್ತವಾದದ್ದು ಬೇರಿಲ್ಲ. ಎಲೆಗಳು ಎದುರುಬದುರಾಗಿರುವ ಗಿಡದಲ್ಲಿ ಎರಡು ತೊಟ್ಟುಗಳ ನಡುವೆ, ಕಾಂಡದ ಮೇಲೆ, ತ್ರಿಕೋನಾಕಾರದ ಪುಟ್ಟ ಪೊರೆಯಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಇದ್ದರೆ, ಮತ್ತು ಎಲೆಯ ಅಂಚು ಹಲ್ಲುಗಳಿಲ್ಲದೆ ನಯವಾಗಿದ್ದರೆ, ಅದು ಬಹುತೇಕ ಖಚಿತವಾಗಿ ರೂಬಿಯೇಸಿ ಕುಟುಂಬ, ಅಂದರೆ ಕಾಫಿಯ ನೆಂಟ. ಕೇಪಳವೆಂದೂ ಕಿಸ್ಕಾರವೆಂದೂ ಕರೆಯುವ ಗಿಡ, ಗಾರ್ಡೇನಿಯಾ, ಮುಸ್ಸೆಂಡಾ ಎಲ್ಲ ಇಲ್ಲಿಯವೇ. ಗಾರ್ಡೇನಿಯಾ ಮತ್ತು ನಂದಿಬಟ್ಟಲನ್ನು ಹೂವಿಲ್ಲದಾಗ ಅದಲುಬದಲು ಮಾಡಿಕೊಳ್ಳುವವರು ಅನೇಕರು: ಎರಡರ ಎಲೆಯೂ ಹೊಳೆಯುವ ಕಡುಹಸಿರು, ಎರಡೂ ಎದುರುಬದುರು. ಹಾಲು ಬಂದರೆ ನಂದಿಬಟ್ಟಲು. ಹಾಲಿಲ್ಲದೆ ತೊಟ್ಟುಗಳ ನಡುವೆ ಪೊರೆ ಕಂಡರೆ ಗಾರ್ಡೇನಿಯಾ.

ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿಯೂ ನೋಡಬೇಕು. ನಾಲ್ಕು ಮೂಲೆಗಳು ತಾಗಿದರೆ, ಮುಳ್ಳಿನ ತರಿಯೂ ಇದ್ದು ಎಲೆ ಘಾಟು ವಾಸನೆ ಕೊಟ್ಟರೆ ಲಂಟಾನ. ವಾಸನೆಯಿಲ್ಲದೆ ಎಲೆ ಒರಟಾಗಿದ್ದರೆ ಪಾರಿಜಾತ. ಬೆರಳುಗಳಂತೆ ಮೂರು ಅಥವಾ ಐದು ಕಿರುಎಲೆಗಳಿದ್ದು, ಅವುಗಳ ಅಡಿಭಾಗ ಬೂದಿ ಸವರಿದಂತೆ ಬೆಳ್ಳಗಿದ್ದರೆ ಲಕ್ಕಿ. ಗಿಣ್ಣುಗಳು ಊದಿಕೊಂಡು, ಎಲೆ ಉದ್ದವಾಗಿ, ಹಿಸುಕಿದರೆ ಅಹಿತವಾದ ವಾಸನೆ ಬಂದರೆ ಆಡುಸೋಗೆ. ಆಡು ಮುಟ್ಟದ ಗಿಡವೆಂಬ ಹೆಸರೂ ಅದಕ್ಕಿದೆ. ಎಲೆಯನ್ನು ಅರೆದಾಗ ಲೋಳೆಯಾದರೆ ದಾಸವಾಳದ ಬಳಗ. ಬಣ್ಣದ ಕಾಗದದಂತಹ ಎಸಳುಗಳ ಬುಗನ್‌ವಿಲ್ಲಾಗೆ ಪರೀಕ್ಷೆಯೇ ಬೇಡ.

ಹೂ ಸಿಕ್ಕಾಗ ಬಣ್ಣಕ್ಕಿಂತ ಮೊದಲು ಎಣಿಕೆಯನ್ನು ಬರೆದುಕೊಳ್ಳಿ. ಒಂದೇ ಜಾತಿಯ ದಾಸವಾಳ ಕೆಂಪು, ಹಳದಿ, ಬಿಳಿ ಎಲ್ಲವೂ ಆಗಬಹುದು, ಆದರೆ ಕೇಸರಗಳೆಲ್ಲ ಒಂದು ಕೊಳವೆಯಾಗಿ ಕೂಡಿರುವುದು ಬದಲಾಗುವುದಿಲ್ಲ. ಕೇಪಳಕ್ಕೆ ನಾಲ್ಕು ಎಸಳು, ಒಂಟಿಸುತ್ತಿನ ನಂದಿಬಟ್ಟಲಿಗೆ ಗಾಳಿಪಂಖದಂತೆ ಒಂದೇ ಕಡೆಗೆ ತಿರುಚಿದ ಐದು. ಹೆಚ್ಚು ಎಸಳಿನ ಸುತ್ತುಹೂಗಳು ಈ ಎಣಿಕೆಯನ್ನು ಕೆಡಿಸುತ್ತವೆ. ತೋಟಗಾರರು ಅವುಗಳನ್ನೇ ಮೆಚ್ಚುವುದರಿಂದ ಹಳೆಯ ಮನೆಗಳಲ್ಲಿ ಅವೇ ಹೆಚ್ಚು. ಅಂತಹ ಕಡೆ ಮತ್ತೆ ಎಲೆಗೂ ಗಿಣ್ಣಿಗೂ ಮರಳಬೇಕು.

ಮೊಬೈಲಿನ ಆ್ಯಪ್‌ಗಳನ್ನು ನಾನು ಅಲ್ಲಗಳೆಯುವುದಿಲ್ಲ. ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್, ಗೂಗಲ್ ಲೆನ್ಸ್ ಮೂರನ್ನೂ ಬಳಸಿದ್ದೇನೆ. ಅವು ಎಡವುವುದು ಹೆಚ್ಚಾಗಿ ನಮ್ಮ ಚಿತ್ರಗಳಿಂದ: ಇಡೀ ಪೊದೆಯನ್ನು ದೂರದಿಂದ ತೆಗೆದ ಹಸಿರು ರಾಶಿಯ ಚಿತ್ರ ಯಾರಿಗೂ ಏನನ್ನೂ ಹೇಳುವುದಿಲ್ಲ. ಒಂದು ರೆಂಬೆಯನ್ನು ಬಿಳಿ ಕಾಗದದ ಮೇಲಿಟ್ಟು ಎಲೆಯ ಮೇಲ್ಭಾಗ, ಅಡಿಭಾಗ, ಗಿಣ್ಣು, ಹೂವಿನ ಮುಖ ಮತ್ತು ಬದಿ ಇಷ್ಟನ್ನು ಬೇರೆಬೇರೆಯಾಗಿ ತೆಗೆಯಬೇಕು. ಬಂದ ಉತ್ತರವನ್ನು ತೀರ್ಪೆಂದು ಭಾವಿಸದೆ, ನೀವು ಬರೆದಿಟ್ಟ ಜೋಡಣೆ, ಸೊನೆ, ಪೊರೆಗಳಿಗೆ ಅದು ಹೊಂದುತ್ತದೆಯೇ ಎಂದು ನೋಡಬೇಕು. ಆ್ಯಪ್ ಗಾರ್ಡೇನಿಯಾ ಎಂದಿತು, ಗಿಡದಲ್ಲಿ ಹಾಲು ಬಂತು ಎಂದಾದರೆ ತಪ್ಪಿರುವುದು ಆ್ಯಪ್. ಐನ್ಯಾಚುರಲಿಸ್ಟ್‌ನಲ್ಲಿ ನೆಟ್ಟು ಬೆಳೆಸಿದ ಗಿಡವನ್ನು ಹಾಗೆಂದೇ ಗುರುತು ಮಾಡಬೇಕು. ಅದು ಕಾಡಿನ ಸಸ್ಯಗಳ ದಾಖಲೆಗೆ ಬೆರೆಯಬಾರದು.

ಊರಿನ ಹೆಸರುಗಳನ್ನು ಗೌರವದಿಂದ ಕೇಳಿ ಬರೆದುಕೊಳ್ಳಬೇಕು, ಆದರೆ ಅಲ್ಲಿಗೇ ನಿಲ್ಲಬಾರದು. ಪಕ್ಕದ ಮನೆಯ ಅಜ್ಜಿಯೊಬ್ಬರು ನಮ್ಮ ಹನ್ನೊಂದನೆಯ ಗಿಡವನ್ನು ನೋಡಿ 'ಗೋರಂಟಿ' ಎಂದರು. ನಾನು ಮದರಂಗಿಯೆಂದು ತಿಳಿದು ಎಲೆ ಅರೆದು ಮಗಳ ಕೈಗೆ ಹಚ್ಚಿದೆ, ಬಣ್ಣವೇ ಬರಲಿಲ್ಲ. ಕೆಲವು ಸೀಮೆಗಳಲ್ಲಿ ಗೋರಂಟಿಯೆಂದರೆ ಮದರಂಗಿ, ಅಜ್ಜಿಯ ಸೀಮೆಯಲ್ಲಿ ಅದು ಮುಡಿಯುವ ಹೂವಿನ ಬಾರ್ಲೇರಿಯಾ. ತಪ್ಪು ಅಜ್ಜಿಯದಲ್ಲ. ಗುರುತು ಖಚಿತವಾದ ಮೇಲೆ ಮನೆಯ ಹೆಸರಿನ ಪಕ್ಕದಲ್ಲಿ ಸಸ್ಯಶಾಸ್ತ್ರದ ಹೆಸರನ್ನೂ ಬರೆದರೆ ಈ ಗೊಂದಲ ಮುಂದಿನವರಿಗೆ ದಾಟುವುದಿಲ್ಲ.

ಎರಡು ಬಗೆಯ ಗಿಡಗಳನ್ನು ಉಳಿದವುಗಳಿಗಿಂತ ಮೊದಲೇ ಗುರುತಿಸುವುದು ಒಳ್ಳೆಯದು. ಮೊದಲನೆಯವು ವಿಷದವು. ಕಣಗಿಲೆ ಎರಡೂ ಬಗೆಯಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಸವರಿದ ಕಡ್ಡಿಗಳನ್ನು ಒಲೆಗೆ ಹಾಕಬಾರದು, ದನದ ಮುಂದೆ ಎಸೆಯಬಾರದು. ಕಾಡುಹರಳಿನ ಬೀಜವನ್ನು ಮಕ್ಕಳು ಕಡಲೆಯೆಂದು ತಿಂದು ವಾಂತಿಭೇದಿಯಾಗುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ಡುರಾಂಟದ ಹಳದಿ ಹಣ್ಣುಗಳೂ ತಿನ್ನತಕ್ಕವಲ್ಲ. ಎರಡನೆಯದು ಗಂಧ. ಎಲೆಗಳು ಎದುರುಬದುರು, ಅಡಿಭಾಗ ಮಂಕು, ಹಾಲಿಲ್ಲ, ತೊಟ್ಟುಗಳ ನಡುವೆ ಪೊರೆಯಿಲ್ಲ, ಎಲೆ ಹಿಸುಕಿದರೆ ಪರಿಮಳವೂ ಇಲ್ಲ. ಕಂದುಗೆಂಪಿನ ಸಣ್ಣ ಹೂಗೊಂಚಲು, ಮಾಗಿದಾಗ ಕಪ್ಪಾಗುವ, ತುದಿಯಲ್ಲಿ ಉಂಗುರದ ಗುರುತಿರುವ ಹಣ್ಣು. ಪರಿಮಳ ಬಲಿತ ಮರದ ತಿರುಳಿನಲ್ಲಿರುವುದರಿಂದ ವಾಸನೆಯಿಲ್ಲವೆಂದು ಸಸಿಯನ್ನು ಕಿತ್ತೆಸೆದವರಿದ್ದಾರೆ. ಅದು ಪಕ್ಕದ ಗಿಡಗಳ ಬೇರಿನಿಂದ ಪೋಷಣೆ ಪಡೆಯುವುದರಿಂದ ಅದರ ಸುತ್ತಲಿನ ಪೊದೆಗಳನ್ನೂ ಉಳಿಸಬೇಕು. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ನಂತರ ಖಾಸಗಿ ಜಾಗದ ಗಂಧದ ಮರಕ್ಕೆ ಜಾಗದ ಒಡೆಯರೇ ಒಡೆಯರಾದರೂ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಇಷ್ಟಾದರೂ ಒಂದೆರಡು ಗಿಡಗಳು ಬಗ್ಗದೆ ಉಳಿಯುತ್ತವೆ. ಅವುಗಳಿಗಾಗಿ ಹೂ ಅಥವಾ ಕಾಯಿ ಇರುವ ಸುಮಾರು 30 ಸೆಂಟಿಮೀಟರ್ ಉದ್ದದ ರೆಂಬೆಯನ್ನು ಕತ್ತರಿಸಿ, ಒಂದೆರಡು ಎಲೆಗಳ ಅಡಿಭಾಗ ಮೇಲೆ ಬರುವಂತೆ ದಿನಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರವಿಟ್ಟು ಒಣಗಿಸಬೇಕು. ಮಳೆಗಾಲದಲ್ಲಿ ಹಾಳೆಗಳನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಸ್ಥಳ, ದಿನಾಂಕ, ಗಿಡದ ಎತ್ತರ, ಹೂವಿನ ಹಸಿ ಬಣ್ಣ ಮತ್ತು ಸೊನೆಯ ವಿವರ ಬರೆದ ಚೀಟಿಯೊಡನೆ ಅದನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಯ್ದು ತೋರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿರುವ ಸಸ್ಯಸಂಗ್ರಹವು ಕರ್ನಾಟಕದ ಸಸ್ಯಗಳ ಮಾಹಿತಿಯನ್ನು ಅಂತರಜಾಲದಲ್ಲಿಯೂ ಇಟ್ಟಿದೆ; ಕುಟುಂಬ ಗೊತ್ತಿದ್ದವರಿಗೆ ಅಲ್ಲಿ ಹುಡುಕುವುದು ಸುಲಭ.

ನಮ್ಮ ಹತ್ತೊಂಬತ್ತನೆಯ ಗಿಡ ಇನ್ನೂ ಹೂ ಬಿಟ್ಟಿಲ್ಲ. ಅದರ ತಗಡಿನ ಕೆಳಗೆ ಈಗ ಇನ್ನೊಂದು ತಗಡು ಇದೆ: 'ರೂಬಿಯೇಸಿ. ಎದುರುಬದುರು ಎಲೆ, ಪೊರೆಯಿದೆ, ಹಾಲಿಲ್ಲ. ಕಡಿಯಬಾರದು.'